ಚಿಕ್ಕನರಗುಂದೀಯ ಪಗಾರಾಂತರ ಮೀಮಾಂಸೆ

ಒಂದೇ ಕಾಲೇಜು, ಒಂದೇ ವರ್ಷದ ಬಿ.ಕಾಂ., ಅಂಕಪಟ್ಟಿಯಲ್ಲಿ ಹುಡುಗಿಯೇ ಒಂದು ಕೈ ಮುಂದೆ. ಆದರೂ ಮೊದಲ ತಿಂಗಳ ಪಗಾರದಲ್ಲಿ ಹುಡುಗ ಮುಂದೆ. ಈ ವಿಸ್ಮಯವನ್ನು ಶಾಸ್ತ್ರೋಕ್ತವಾಗಿ ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ಕ್ಷೇತ್ರ, ನರಗುಂದ ತಾಲೂಕಿನ ಚಿಕ್ಕನರಗುಂದ. ವಿಧಾನ, ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುವುದು. ಇದಕ್ಕೆ ಯುಜಿಸಿ ಮಾನ್ಯತೆ ಇಲ್ಲ. ಚಹಾದ ಖರ್ಚು ಬಿಟ್ಟರೆ ಅನುದಾನವೂ ಬೇಕಿಲ್ಲ.

ಎರೆಭೂಮಿಯ ಅರ್ಥಶಾಸ್ತ್ರಕ್ಕೆ ಮೂಲ ಪ್ರಮಾಣಗಳು ಎರಡು: ಗಂಡಾಳು, ಹೆಣ್ಣಾಳು. ಹತ್ತಿ ಬಿಡಿಸುವುದು, ಕಡಲೆ ಕೀಳುವುದು, ಕಸ ತೆಗೆಯುವುದು ಹೆಣ್ಣಾಳಿನ ಪಾಲು. ಎಣ್ಣೆ ಹೊಡೆಯುವುದು, ಚೀಲ ಹೊರುವುದು ಗಂಡಾಳಿನದು. ಇಡೀ ದಿನ ಬಗ್ಗಿದ ಬೆನ್ನಿಗಿಂತ ಆಗಾಗ ಹೊತ್ತ ಹೆಗಲಿಗೆ ಬೆಲೆ ಹೆಚ್ಚು. ಡಿಗ್ರಿ ಮುಗಿಸಿದರೆ ಈ ಭೇದ ತೊಳೆದುಹೋಗುತ್ತದೆಂದು ಪೂರ್ವಸೂರಿಗಳು ನಂಬಿದ್ದರು. ನಮ್ಮ ಶೋಧನೆ ಬೇರೆ ಹೇಳುತ್ತದೆ. ಹೆಣ್ಣಾಳಿನ ದರವೂ ಹುಡುಗಿಯ ಜೊತೆಗೇ ಕಾಲೇಜಿಗೆ ಅಡ್ಮಿಷನ್ ಮಾಡಿಸುತ್ತದೆ, ತಪ್ಪದೆ ಹಾಜರಿ ಹಾಕಿಸುತ್ತದೆ, ಪ್ರಥಮ ದರ್ಜೆಯಲ್ಲಿ ಪಾಸಾಗಿ ಹೊರಬೀಳುತ್ತದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದಾಖಲಾತಿ ಪ್ರಮಾಣ ಹುಡುಗಿಯರದು ಶೇ. 28.5, ಹುಡುಗರದು ಶೇ. 28.3. ಅಂದರೆ ಆ ದರಕ್ಕೂ ಈಗ ವಿದ್ಯಾಭ್ಯಾಸ ಜಾಸ್ತಿ.

ದೃಷ್ಟಾಂತ ಬೇಕೆಂದರೆ ಪೇಟೆಯ ಯಾವುದೋ ಲೆಕ್ಕಪತ್ರದ ಆಫೀಸಿನಲ್ಲಿ ನಡೆದ ಸಂದರ್ಶನವನ್ನು ಊಹಿಸಿಕೊಳ್ಳಿ.

‘ಕುಂದರವಾ. ಟ್ಯಾಲಿ ಬರ್ತೈತೇನು?’

‘ಬರ್ತೈತ್ರಿ. ಜಿಎಸ್‌ಟಿ ರಿಟರ್ನೂ ತುಂಬ್ತೀನ್ರಿ.’

‘ಭಾಳ ಚಲೋ. ಲಗ್ನ ಯಾವಾಗ?’

‘ಇನ್ನೂ ನೋಡಿಲ್ರಿ.’

‘ಅಂದ್ರ ನೋಡ್ತಾರ. ಎಂದರ ಬಿಟ್ಟ್ ಹೋಗಾಕೀನ ಹೌದಲ್ಲ. ಬಸ್ಸು ಹೆಂಗೂ ಫ್ರೀ ಐತಿ. ಸದ್ಯ ಇಷ್ಟ ತಗೋ, ಮುಂದ ನೋಡೂಣು.’

ಆಮೇಲೆ ಅವಳ ಜೊತೆಗೇ ಓದಿದ ಹುಡುಗ ಒಳಗೆ ಬರುತ್ತಾನೆ. ಅವನಿಗೆ ಜಿಎಸ್‌ಟಿ ಅಂದರೆ ಬಿಲ್ಲಿನ ಕೆಳಗೆ ಇರುವ ಮೂರಕ್ಷರ.

‘ಲಗ್ನ ಯಾವಾಗ ತಮ್ಮಾ?’

‘ಬರೂ ವರ್ಷರೀ.’

‘ಹಂಗಾರ ಖರ್ಚು ಜಾಸ್ತಿ ಆಗ್ತೈತಿ. ಒಂದೆರಡ ಸಾವಿರ ಕೂಡಿಸಿ ಕೊಡೂಣು.’

ಒಂದೇ ಲಗ್ನ, ಅವಳ ಪಗಾರದಲ್ಲಿ ಕಳೆಯುವ ಲೆಕ್ಕ, ಅವನ ಪಗಾರದಲ್ಲಿ ಕೂಡುವ ಲೆಕ್ಕ. 2023ರ ಜೂನ್ 11ರಂದು ಶುರುವಾದ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಪಗಾರ ಕಡಿತಕ್ಕೂ ಆಧಾರವಾದೀತೆಂದು ಅದನ್ನು ತಂದವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇಬ್ಬರು ಸಹೋದ್ಯೋಗಿಗಳ ಜೊತೆ ಶಿಕಾಗೋದ ಎಂಬಿಎ ಪದವೀಧರರ ಗಳಿಕೆಯನ್ನು ಅಳೆದು ನೋಡಿದ್ದರು. ಕೆಲಸಕ್ಕೆ ಸೇರುವಾಗ ಗಂಡು ಹೆಣ್ಣಿನ ಸಂಬಳ ಹೆಚ್ಚುಕಮ್ಮಿ ಸಮ. ಮಕ್ಕಳಾಗಿ, ಕೆಲಸದ ಗಂಟೆ ಕಡಿಮೆಯಾಗಿ, ವರ್ಷಗಳು ಉರುಳಿದಂತೆ ಅಂತರ ಬೆಳೆಯುತ್ತ ಹೋಗುತ್ತದೆ. ಪಾಪ, ಶಿಕಾಗೋದವರಿಗೆ ಹತ್ತಾರು ವರ್ಷ ಹಿಡಿಯುವ ಕಾರ್ಯವನ್ನು ನಮ್ಮವರು ಸಂದರ್ಶನದ ಚಹಾ ಆರುವುದರೊಳಗೆ ಮುಗಿಸುತ್ತಾರೆ. ಹುಟ್ಟದ ಕೂಸಿಗೂ, ಗೊತ್ತಾಗದ ಗಂಡನಿಗೂ ಮುಂಗಡವಾಗಿಯೇ ಪಗಾರ ಕತ್ತರಿಸುವ ಈ ದೂರದೃಷ್ಟಿ ಅವರಿಗೆಲ್ಲಿ ಬರಬೇಕು?

ಲಗ್ನವಾದ ಹೆಣ್ಣು ಕೆಲಸ ಬಿಡುತ್ತಾಳೆ ಎಂಬ ವಾದಕ್ಕೆ ಶಾಸನದ ಬಾಧೆಯೊಂದುಂಟು. ಈಗಿನ ಗಜೇಂದ್ರಗಡ ತಾಲೂಕಿನ ಸೂಡಿ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯ ಆಡಳಿತಕ್ಕೆ ಸೇರಿತ್ತು. ಹಾನಗಲ್ಲ ಕದಂಬರ ಮನೆ ಸೇರಿದ ಮೇಲೂ ಆಕೆ ಕಿಸುಕಾಡು ಎಪ್ಪತ್ತನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಕಟ್ಟೆಯ ಪಂಡಿತರ ಮುಂದೆ ಈ ಪ್ರಮಾಣವನ್ನಿಟ್ಟರೆ ಒಂದೇ ಮಾತಿನಲ್ಲಿ ಖಂಡಿಸಿದರು: ‘ಆಕಿ ಮನ್ಯಾಗ ರಾಜ್ಯಾನ ಇತ್ತು ಬಿಡ್ರಿ.’

ಕಾನೂನಿನ ವಿಷಯ ಚಿಕ್ಕದು. ಸಮಾನ ಕೆಲಸಕ್ಕೆ ಸಮಾನ ವೇತನವೆಂದು ಸಂವಿಧಾನದ 39ನೇ ವಿಧಿ ಹೇಳುತ್ತದೆ, 1976ರ ಕಾಯ್ದೆ ಹೇಳಿತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಮುಂಬಯಿಯ ಹಡಗಿನ ಕಂಪನಿ ಮ್ಯಾಕಿನ್ನನ್ ಮೆಕೆಂಜಿ ತನ್ನ ಮಹಿಳಾ ಸ್ಟೆನೋಗಳ ಕೆಲಸವೇ ಬೇರೆ ಎಂದು ವಾದಿಸಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ಆ ಸ್ಟೆನೋಗಳಲ್ಲೊಬ್ಬರಾದ ಆಡ್ರಿ ಡಿಕೋಸ್ಟಾ ಪರ ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ಪಾಠ ಕಲಿತವರು ಈಗ ಹುದ್ದೆಯ ಹೆಸರನ್ನೇ ಬೇರೆ ಇಡುತ್ತಾರೆ. ಅವನು ಅಕೌಂಟ್ಸ್ ಎಕ್ಸಿಕ್ಯುಟಿವ್, ಅವಳು ಕಂಪ್ಯೂಟರ್ ಆಪರೇಟರ್. ಕಂಪ್ಯೂಟರು ಒಂದೇ.

ಹಾಗಾದರೆ ಸಮಾನತೆ ಎಲ್ಲಿಯೂ ಇಲ್ಲವೇ? ಉಂಟು. ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ, ಗಂಡಾಳು ಹೆಣ್ಣಾಳು ಎನ್ನದೆ. ಆದರೆ ಅದಕ್ಕೆ ಡಿಗ್ರಿ ಬೇಕಿಲ್ಲ, ಸಲಿಕೆ ಬೇಕು. ಡಿಗ್ರಿಯೂ ಬೇಕು, ಸಮಾನತೆಯೂ ಬೇಕು ಎನ್ನುವವರಿಗೆ ಯುವನಿಧಿ: ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಹೆಚ್ಚೆಂದರೆ ಎರಡು ವರ್ಷ. ಹುಡುಗನಿಗೂ ಅಷ್ಟೇ, ಹುಡುಗಿಗೂ ಅಷ್ಟೇ. ಏನೂ ಮಾಡದಿರುವುದರಲ್ಲಿ ಇಬ್ಬರೂ ಸರಿಸಮರೆಂದು ಸರಕಾರವೇ ಮುದ್ರೆ ಒತ್ತಿದೆ. ಕೆಲಸ ಸಿಕ್ಕ ದಿನವೇ ಈ ಸಮಾನತೆ ರದ್ದು.

ಇನ್ನು ಕರದ ಪ್ರಕರಣ. ಮಲಪ್ರಭೆಯ ಕಾಲುವೆಯಿಂದ ನಿಮ್ಮ ಭೂಮಿ ಸುಧಾರಿಸಿದೆ, ಆದ್ದರಿಂದ ಕೊಡಿರೆಂದು ಸರಕಾರ ಬೆಟರ್‌ಮೆಂಟ್ ಲೆವಿ ಹೇರಿತ್ತು. ನೀರು ನೆಟ್ಟಗೆ ಬಾರದ ಹೊಲಕ್ಕೂ ಕರ ಬಂತು. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಎದ್ದರು. ಗೋಲಿಬಾರಿನಲ್ಲಿ ಇದೇ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕೊಟ್ಟರು. ಅಲ್ಲಿ ಅಣಕಕ್ಕೆ ಜಾಗವಿಲ್ಲ.

ಅಣಕ ಇರುವುದು ಅದೇ ನೆಲದಲ್ಲಿ ಇನ್ನೊಂದು ಲೆವಿ ತಕರಾರಿಲ್ಲದೆ ಸಂದಾಯವಾಗುತ್ತಿರುವುದರಲ್ಲಿ. ಮಗಳನ್ನು ಬಿ.ಕಾಂ. ಓದಿಸಿದರೆ ಅಳಿಯ ಎಂ.ಕಾಂ. ಆಗಬೇಕು, ಎಂ.ಕಾಂ. ಓದಿಸಿದರೆ ಅವನು ಬೆಂಗಳೂರಲ್ಲಿರಬೇಕು. ಅವನು ಮೇಲೇರಿದಷ್ಟೂ ಹುಂಡಾ ಏರುತ್ತದೆ, ತೊಲಿ ಬಂಗಾರ ಏರುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಲ್ಯಾಣ ಮಂಟಪದ ಹೊರಗೆ ಚಪ್ಪಲಿ ಕಾಯುತ್ತ ನಿಂತಿರುತ್ತದೆ. ಹುಡುಗನ ಡಿಗ್ರಿಗೆ ಎರಡು ಕಡೆ ಪಗಾರ: ಕಂಪನಿಯಿಂದೊಂದು, ಮಾವನಿಂದೊಂದು. ಹುಡುಗಿಯ ಡಿಗ್ರಿಗೆ ಕಂಪನಿಯವರು ಕಡಿಮೆ ಕೊಡುತ್ತಾರೆ, ಬೀಗರು ಹೆಚ್ಚು ಕೇಳುತ್ತಾರೆ. ಕಾಲುವೆಗೆ ನೀರಿಲ್ಲ, ಸುಧಾರಣೆಯ ಕರ ಮಾತ್ರ ಪೂರಾ. ಹತ್ತಿ, ಕಡಲೆ ಮಾರಿದ ದುಡ್ಡು ಹೋಗುವುದು ಅಲ್ಲಿಗೇ.

ಪ್ರಬಂಧ ಮುಗಿಸುವ ಮುಂಚೆ, ಹೆಣ್ಣು ನೋಡಲು ಬಂದ ಮನೆಯಲ್ಲಿ ಕಿವಿಗೆ ಬಿದ್ದ ಮಾತನ್ನೂ ದಾಖಲಿಸಬೇಕು. ಅವಲಕ್ಕಿ ತಟ್ಟೆಗಳು ಖಾಲಿಯಾಗಿದ್ದವು. ‘ಹುಡುಗಿ ನೌಕರಿ ಮಾಡ್ತಾಳಂತಲ್ರೀ?’ ಎಂದರು ಹುಡುಗನ ತಾಯಿ. ‘ಹೌದ್ರಿ. ಪಗಾರ ಸ್ವಲ್ಪ ಕಡಿಮಿ ಐತ್ರಿ, ಲಗ್ನಾದ ಮ್ಯಾಲ ಬಿಡ್ತಾಳಂತ ಅವರು ಹೆಚ್ಚಿಗಿ ಕೊಡಂಗಿಲ್ರಿ’ ಎಂದು ಹುಡುಗಿಯ ತಂದೆ ಸಂಕೋಚದಿಂದ ಉತ್ತರಿಸಿದರು.

‘ಕಡಿಮಿ ಇರೂದ ಚಲೋ ಆತು ಬಿಡ್ರಿ, ಅಣ್ಣಾರ. ಬಿಡಸಾಕ ನಮಗೂ ತ್ರಾಸ ಆಗೂದಿಲ್ಲ.’