ಎರಡು ಕಿವಿ, ಎರಡು ಹೊಟ್ಟೆ

ಕರ್ನಾಟಕದ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರಕ್ಕೆ ಸ್ವಂತ ಮನೆಯಿಲ್ಲ. ವಿಜ್ಞಾನವೆಂಬ ಒಂದೇ ಪುಸ್ತಕದಲ್ಲಿ ಅದು ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆ ಬಾಡಿಗೆಗೆ ಇರುತ್ತದೆ. ಕಲಿಸುವವರಲ್ಲೂ ಇದೇ ಪಾಲು. ಗಣಿತ, ಭೌತಶಾಸ್ತ್ರ ನೋಡಿಕೊಳ್ಳುವವರು ಪಿಸಿಎಂ. ರಸಾಯನಶಾಸ್ತ್ರ, ಜೀವಶಾಸ್ತ್ರ ನೋಡಿಕೊಳ್ಳುವವರು ಸಿಬಿಝಡ್. ಇವು ಪದವಿಯಲ್ಲಿ ಓದಿದ ವಿಷಯಗಳ ಮೊದಲಕ್ಷರಗಳೆಂಬುದು ಸ್ಟಾಫ್ ರೂಮಿನಲ್ಲಿ ಮರೆತೇ ಹೋಗಿ, ಈಗ ಕುಲದ ಹೆಸರುಗಳಾಗಿವೆ. "ನಿಮ್ಮಲ್ಲಿಗೆ ಸಿಬಿಝಡ್ ಬಂದ್ರಾ?" ಎಂದು ಒಂದು ಶಾಲೆಯವರು ಇನ್ನೊಂದು ಶಾಲೆಯವರನ್ನು ಕೇಳುವ ಧಾಟಿ, ಮಳೆ ಬಂತಾ ಎಂದು ಕೇಳುವಂತೆಯೇ ಇರುತ್ತದೆ. ಬಾರದ ವರ್ಷ ಪಿಸಿಎಂ ಮೇಷ್ಟ್ರೇ ಹೃದಯವನ್ನೂ ಕಲಿಸುತ್ತಾರೆ. ನಿಮಿಷಕ್ಕೆ 72 ಬಡಿತ, ಅದನ್ನು 60ರಿಂದ ಗುಣಿಸಿ, ಬಂದದ್ದನ್ನು 24ರಿಂದ ಗುಣಿಸಿ, ದಿನಕ್ಕೆ 1,03,680 ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದರೆ ಹೃದಯ ಮುಗಿಯಿತು.

ಈ ವಿಷಯಕ್ಕಿರುವ ಅನುಕೂಲ ಬೇರೆ ಯಾವ ವಿಷಯಕ್ಕೂ ಇಲ್ಲ. ಇತಿಹಾಸದವರು ಅಶೋಕನನ್ನು ತರಗತಿಗೆ ಕರೆತರಲಾರರು, ಭೂಗೋಳದವರು ಹಿಮಾಲಯವನ್ನು ಹೊತ್ತು ತರಲಾರರು. ಜೀವಶಾಸ್ತ್ರದವರ ಎದುರಿಗೆ ಮಾತ್ರ ಐವತ್ತು ಹೃದಯ, ನೂರು ಮೂತ್ರಪಿಂಡಗಳು ಯೂನಿಫಾರ್ಮ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿರುತ್ತವೆ. ಮಧ್ಯಾಹ್ನದ ಮೊದಲ ಪೀರಿಯಡ್ಡಾದರೆ ಬಿಸಿಯೂಟದ ಅನ್ನ ಸಾಂಬಾರು ಐವತ್ತು ಜಠರಗಳಲ್ಲಿ ಏಕಕಾಲಕ್ಕೆ ನುರಿಯುತ್ತಿರುತ್ತದೆ. ಜೀರ್ಣಕ್ರಿಯೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ತೊಂದರೆಯೆಂದರೆ ಪ್ರಯೋಗ ಒಳಗೆ ಚೆನ್ನಾಗಿ ನಡೆದಷ್ಟೂ ಹೊರಗೆ ಕಣ್ಣು ಮುಚ್ಚುತ್ತಾ ಹೋಗುತ್ತದೆ.

ಜೀವಶಾಸ್ತ್ರದ ಮೇಷ್ಟ್ರ ಮೊದಲ ಕೆಲಸ ಅನುವಾದ, ಅದೂ ಕನ್ನಡದಿಂದ ಕನ್ನಡಕ್ಕೆ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ನಿಂತ ಹುಡುಗನಿಗೆ ಲಿವರು, ಬೋಟಿ, ಗುಂಡಿಗೆ, ಕಿಡ್ನಿಗಳ ಆಕಾರ, ಬಣ್ಣ, ಅಂದಿನ ರೇಟು ಎಲ್ಲವೂ ಗೊತ್ತು. ಸೋಮವಾರ ಅವೇ ಅಂಗಗಳು ಯಕೃತ್ತು, ಕರುಳು, ಹೃದಯ, ಮೂತ್ರಪಿಂಡ ಎಂಬ ಹೆಸರಿಟ್ಟುಕೊಂಡು ಬಂದರೆ ಅವನು ಅಪರಿಚಿತರನ್ನು ಕಂಡಂತೆ ನೋಡುತ್ತಾನೆ. ಪತ್ರಹರಿತ್ತು ಎಂಬ ಪದ ಮೊದಲ ಸಲ ಕಿವಿಗೆ ಬಿದ್ದಾಗ ಹಿಂದಿನ ಬೆಂಚು ಯಾರದೋ ಪತ್ರ ಹರಿದುಹೋಯಿತೆಂದೇ ತಿಳಿಯುತ್ತದೆ. ಒಂಬತ್ತನೇ ತರಗತಿಯಲ್ಲಿ ಅಂಥ ಪತ್ರಗಳು ಇಲ್ಲದೆಯೂ ಇಲ್ಲ. ಪತ್ರವೆಂದರೆ ಎಲೆ, ಹರಿತ್ ಎಂದರೆ ಹಸಿರು, ಎಲೆಯ ಹಸಿರೇ ಪತ್ರಹರಿತ್ತು ಎಂದು ಬಿಡಿಸಿ ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಉಳಿಸಿದವರು ವರ್ಷವಿಡೀ ಅದನ್ನು ಬಾಯಿಪಾಠ ಮಾಡಿಸುತ್ತಾರೆ.

ಪಾರಿಭಾಷಿಕ ಪದಗಳನ್ನು ಕಬ್ಬಿಣದ ಕಡಲೆಯೆಂದು ಬಯ್ಯುವುದು ವಾಡಿಕೆ. ಎಲ್ಲ ಬೈಗುಳವೂ ನ್ಯಾಯವಲ್ಲ. ಹೃತ್ಕರ್ಣ, ಹೃತ್ಕುಕ್ಷಿ ಎಂಬ ಜೋಡಿಯನ್ನೇ ನೋಡಬಹುದು. ಕರ್ಣವೆಂದರೆ ಕಿವಿ, ಕುಕ್ಷಿಯೆಂದರೆ ಹೊಟ್ಟೆ. ಹೃದಯಕ್ಕೆ ಮೇಲೆ ಎರಡು ಕಿವಿ, ಕೆಳಗೆ ಎರಡು ಹೊಟ್ಟೆ ಎಂದೊಡನೆ ತರಗತಿ ನಗುತ್ತದೆ. ನಕ್ಕವರು ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮತ್ತೆ ಮರೆಯುವುದಿಲ್ಲ. ಲ್ಯಾಟಿನ್ನಿನಲ್ಲೂ ಇವಕ್ಕೆ ಪುಟ್ಟ ಕಿವಿ, ಪುಟ್ಟ ಹೊಟ್ಟೆ ಎಂದೇ ಹೆಸರು. ಅಪಧಮನಿ, ಅಭಿಧಮನಿ ಇನ್ನೂ ಜಾಣ ಪದಗಳು. 'ಅಪ' ಎಂದರೆ ಆಚೆಗೆ, 'ಅಭಿ' ಎಂದರೆ ಕಡೆಗೆ. ಹೃದಯದಿಂದ ಆಚೆಗೆ ರಕ್ತ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಇದನ್ನು ಬಿಟ್ಟು ಶುದ್ಧ ರಕ್ತದ್ದು, ಅಶುದ್ಧ ರಕ್ತದ್ದು ಎಂದು ಮಡಿ ಮೈಲಿಗೆಯ ಲೆಕ್ಕದಲ್ಲಿ ಕಲಿತವನು ಶ್ವಾಸಕೋಶದ ಹತ್ತಿರ ಎಡವುತ್ತಾನೆ. ಆಮ್ಲಜನಕ ಕಡಿಮೆಯಾದ ರಕ್ತವನ್ನು ಅಲ್ಲಿಗೆ ಒಯ್ಯುವುದು ಅಪಧಮನಿ, ಆಮ್ಲಜನಕ ತುಂಬಿಕೊಂಡದ್ದನ್ನು ಹಿಂದಕ್ಕೆ ತರುವುದು ಅಭಿಧಮನಿ. ಇಷ್ಟೆಲ್ಲ ಅರ್ಥ ಎರಡು ಉಪಸರ್ಗಗಳಲ್ಲಿ ಅಡಗಿರುವಾಗ ಅದನ್ನು ಹೇಳಿಕೊಡುವ ಹೊಣೆ ಯಾರದು ಎಂಬುದು ಇತ್ಯರ್ಥವಾಗಿಲ್ಲ. ಕನ್ನಡದ ಮೇಷ್ಟ್ರು ಅದು ವಿಜ್ಞಾನವೆನ್ನುತ್ತಾರೆ, ವಿಜ್ಞಾನದ ಮೇಷ್ಟ್ರು ಅದು ವ್ಯಾಕರಣವೆನ್ನುತ್ತಾರೆ.

ಪದದ ನಂತರ ಸಂಖ್ಯೆ. ಶ್ವಾಸಕೋಶದ ಗಾಳಿಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 80 ಚದರ ಮೀಟರ್ ಆಗುತ್ತದೆಂದು ಹತ್ತನೇ ತರಗತಿಯ ಪುಸ್ತಕ ಹೇಳುತ್ತದೆ. ಚದರ ಮೀಟರಿನಲ್ಲಿ ಯಾವ ಮನೆಯಲ್ಲೂ ಮಾತಾಡುವುದಿಲ್ಲ. ಇಪ್ಪತ್ತು ನಲವತ್ತರ ಸೈಟಿಗಿಂತ ಒಂದು ಕೈ ಜಾಸ್ತಿ ಎಂದರೆ, ಸೈಟಿಗಾಗಿ ಅಪ್ಪ ಮಾಡಿದ ಸಾಲ ನೆನಪಿರುವ ಹುಡುಗಿ ತನ್ನ ಎದೆಯನ್ನು ತಾನೇ ಗೌರವದಿಂದ ಮುಟ್ಟಿ ನೋಡಿಕೊಳ್ಳುತ್ತಾಳೆ. ಮೂತ್ರಪಿಂಡಗಳು ದಿನಕ್ಕೆ 180 ಲೀಟರ್ ಸೋಸುತ್ತವೆ ಎಂಬುದೂ ಹಾಗೆಯೇ. ಊರಿನ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ಹೊತ್ತವನಿಗೆ ಒಂಬತ್ತು ಕ್ಯಾನು ಎಂದರೆ ಭುಜಕ್ಕೇ ಅರ್ಥವಾಗುತ್ತದೆ. ಅಷ್ಟೂ ಸೋಸಿ, ಬಹುಪಾಲನ್ನು ರಕ್ತಕ್ಕೆ ಹಿಂದಿರುಗಿಸಿ, ಹೊರಗೆ ಬಿಡುವುದು ಒಂದೆರಡು ಲೀಟರ್ ಮಾತ್ರ ಎಂಬಲ್ಲಿಗೆ ಬರುವಷ್ಟರಲ್ಲಿ ಮೂವರು ಎದ್ದು ನಿಂತು "ಸಾರ್, ಹೊರಗೆ ಹೋಗ್ಬರ್ಲಾ?" ಎನ್ನುತ್ತಾರೆ. ವಿಸರ್ಜನಾಂಗವ್ಯೂಹದ ಪಾಠ ಪರಿಣಾಮಕಾರಿಯಾಗಿ ನಡೆಯಿತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಪ್ರಯೋಗಗಳ ವಿಭಾಗ ತುಸು ಕಷ್ಟದ್ದು. ಸೂಕ್ಷ್ಮದರ್ಶಕ ಇರುವ ಶಾಲೆಗಳಲ್ಲಿ ಅದು ಸಾಮಾನ್ಯವಾಗಿ ಬೀರುವಿನಲ್ಲಿರುತ್ತದೆ, ಬೀರುವಿನ ಕೀ ಹೆಡ್‌ಮಾಸ್ಟರ ಹತ್ತಿರ ಇರುತ್ತದೆ, ಹೆಡ್‌ಮಾಸ್ಟರು ಮೀಟಿಂಗಿನಲ್ಲಿರುತ್ತಾರೆ. ಮೂರೂ ಕೂಡಿಬಂದ ಒಂದು ಶುಭದಿನ ಈರುಳ್ಳಿಯ ಒಳಪೊರೆ ಸುಲಿದು, ಗಾಜಿನ ಮೇಲಿಟ್ಟು, ಹನಿ ಅಯೋಡಿನ್ ಬಿಟ್ಟು ತೋರಿಸಲಾಗುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಪದರದಲ್ಲಿ ಸಣ್ಣ ಸಣ್ಣ ಕೋಣೆಗಳನ್ನು ಕಂಡು ಕೋಶವೆಂದು ಹೆಸರಿಟ್ಟ. ಅವನಿಗೆ ಹಿಂದಿನಿಂದ ಭುಜ ತಳ್ಳುವವರು ಯಾರೂ ಇರಲಿಲ್ಲ. ಇಲ್ಲಿ ನಲವತ್ತೊಂಬತ್ತು ಜನ ಸಾಲಿನಲ್ಲಿರುವುದರಿಂದ ಒಬ್ಬೊಬ್ಬರಿಗೆ ಸಿಗುವುದು ಹತ್ತು ಸೆಕೆಂಡು. ಆ ಹೊತ್ತಿನಲ್ಲಿ ಕೆಲವರು ತಮ್ಮ ರೆಪ್ಪೆಗೂದಲನ್ನು ಕಾಣುತ್ತಾರೆ. ಹೆಚ್ಚಿನವರು ಕಪ್ಪು ಅಂಚಿನ ಗುಂಡನೆಯ ಗಾಳಿಗುಳ್ಳೆಯನ್ನು ಕಂಡು ಬಹಳ ಶ್ರದ್ಧೆಯಿಂದ ಅದರ ಚಿತ್ರ ಬರೆದು, ನಡುವೆ ಒಂದು ಚುಕ್ಕೆಯಿಟ್ಟು, ಕೋಶಕೇಂದ್ರ ಎಂದು ಗುರುತಿಸುತ್ತಾರೆ.

ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಗಿಡಕ್ಕಿಂತ ಮನುಷ್ಯರದೇ ಅಡ್ಡಿ. ಎಲೆಯಲ್ಲಿರುವ ಪಿಷ್ಟವೆಲ್ಲ ಖರ್ಚಾಗಲೆಂದು ಕುಂಡವನ್ನು ಎರಡು ಮೂರು ದಿನ ಕತ್ತಲಲ್ಲಿ ಇಡಬೇಕು. ಆಟದ ಸಾಮಾನಿನ ಕೋಣೆಯಲ್ಲಿ ಇಟ್ಟದ್ದಾಯಿತು. ಎರಡನೇ ದಿನ ಅಟೆಂಡರು ನೋಡಿ, ಪಾಪ ಯಾರೋ ಮರೆತಿದ್ದಾರೆಂದು ಕನಿಕರಪಟ್ಟು, ಹೊರಗೆ ಬಿಸಿಲಿಗಿಟ್ಟು ಒಂದು ಚೊಂಬು ನೀರನ್ನೂ ಹಾಕಿರುತ್ತಾರೆ. ಕತ್ತಲಲ್ಲಿದ್ದ ಎಲೆ ಅಯೋಡಿನ್ ಹಾಕಿದರೂ ನೀಲಿಗಪ್ಪಾಗುವುದಿಲ್ಲ ಎಂದು ಮೊದಲೇ ಬೋರ್ಡಿನ ಮೇಲೆ ಬರೆದಾಗಿದೆ. ಎಲೆ ಶಾಯಿ ಚೆಲ್ಲಿದಂತೆ ಕಪ್ಪಗಾಗುತ್ತದೆ. ಮಕ್ಕಳು ಬೋರ್ಡನ್ನು ನಂಬುತ್ತಾರೆ. ಉಸಿರಿನ ಪ್ರಯೋಗ ಇದಕ್ಕಿಂತ ಅಗ್ಗ: ಎಲೆಯಡಿಕೆ ತಟ್ಟೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿ ಬಸಿದು, ಸ್ಟ್ರಾದಿಂದ ಊದಿದರೆ ಇಂಗಾಲದ ಡೈಆಕ್ಸೈಡಿನಿಂದ ಅದು ಹಾಲಿನಂತಾಗುತ್ತದೆ. ಊದು ಎಂದು ಎಷ್ಟು ಸಲ ಹೇಳಿದರೂ ಎಳನೀರಿನ ಅಭ್ಯಾಸಬಲದಿಂದ ಹೀರುವವನೊಬ್ಬ ಪ್ರತಿ ತರಗತಿಯಲ್ಲೂ ಇರುತ್ತಾನೆ.

ಗಿಡವನ್ನು ಗಿಡವಿರುವಲ್ಲಿಗೇ ಹೋಗಿ ನೋಡುವುದು ಹಳೆಯ, ಖರ್ಚಿಲ್ಲದ ಉಪಾಯ. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದರ ಫಲ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಪುಸ್ತಕವೊಂದನ್ನು ಕನ್ನಡಿಗರು ನಗುನಗುತ್ತಾ ಓದಿದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಪ್ರೌಢಶಾಲೆಯ ಕ್ಷೇತ್ರಭೇಟಿ ಕಾಂಪೌಂಡಿನ ಬೇವಿನ ಮರದವರೆಗೆ ಹೋಗಿ ಮುಂದಿನ ಗಂಟೆ ಹೊಡೆಯುವಷ್ಟರಲ್ಲಿ ಹಿಂದಿರುಗುತ್ತದೆ.

ಅನುವಂಶೀಯತೆಯ ಅಧ್ಯಾಯಕ್ಕೆ ಮೆಂಡೆಲ್ ನಾಯಕ. ಬ್ರನೋ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಬೆಳೆದು, ಎತ್ತರದ ಗಿಡ ಮೂರಾದರೆ ಗಿಡ್ಡದ್ದು ಒಂದು ಎಂಬ ಲೆಕ್ಕ ಹಿಡಿದು, 1866ರಲ್ಲಿ ಅಚ್ಚು ಹಾಕಿಸಿದ ಪಾದ್ರಿ. ಅಕ್ಷರಗಳನ್ನು ಚೌಕಾಬಾರದ ಮನೆಗಳಂತೆ ಗೆರೆ ಹಾಕಿ ತುಂಬಿಸಿದರೆ ಆ ಲೆಕ್ಕ ಮಕ್ಕಳಿಗೂ ಬರುತ್ತದೆ. ಮೇಷ್ಟ್ರುಗಳು ಅಷ್ಟಾಗಿ ಹೇಳದ ಸಂಗತಿ ಇನ್ನೊಂದಿದೆ. ಈ ಮೆಂಡೆಲ್ ಹೈಸ್ಕೂಲು ಮೇಷ್ಟ್ರಾಗಲು ಬೇಕಾದ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿ ಫೇಲಾದ. 1856ರ ಎರಡನೇ ಪ್ರಯತ್ನವೂ ಕೈಗೂಡಲಿಲ್ಲ. ಹದಿನಾಲ್ಕು ವರ್ಷ ಬದಲಿ ಶಿಕ್ಷಕನಾಗಿಯೇ ದುಡಿದು, ಕಡೆಗೆ ಮಠಾಧಿಪತಿಯಾದ. ನಮ್ಮ ಅತಿಥಿ ಶಿಕ್ಷಕರ ಸಂಘದವರು ಅವನ ಫೋಟೋ ಹಾಕಿಕೊಳ್ಳಬಹುದಿತ್ತು.

ಇದೇ ಅಧ್ಯಾಯದ ಚಟುವಟಿಕೆಯಲ್ಲಿ ಕಿವಿಯ ಹಾಲೆ ಅಂಟಿದೆಯೋ ಬಿಡಿಯಾಗಿದೆಯೋ ನೋಡಬೇಕು. ಮೇಷ್ಟ್ರು ಕಿವಿಗೆ ಕೈ ಹಾಕುವುದು ಹಿಂಡುವುದಕ್ಕೆ ಮಾತ್ರ ಎಂದು ನಂಬಿದ್ದ ಶಾಲೆಗಳಲ್ಲಿ ಇದು ದೊಡ್ಡ ಸುಧಾರಣೆ. ಅಪ್ಪ ಅಮ್ಮನ ಕಿವಿಗೂ ಹೋಲಿಸಿ ನೋಡಿ ಎಂದಲ್ಲಿ ಮಾತ್ರ ಅಪಾಯವಿದೆ. ಹೋಲದ ಕಿವಿಯೊಂದು ಸಿಕ್ಕಿದರೆ ಮಾರನೆಯ ದಿನ ಪೋಷಕರು ಶಾಲೆಗೆ ಬರುತ್ತಾರೆ. ಅವರು ಗಾಬರಿಯಾಗಬೇಕಿಲ್ಲ, ಹಾಲೆಯ ಆಕಾರ ಒಂದೇ ಜೀನಿನಿಂದ ನಿರ್ಧಾರವಾಗುವಂಥದ್ದಲ್ಲ. ನಾಲಿಗೆ ಸುರುಳಿ ಸುತ್ತುವುದೂ ಅಷ್ಟೇ. ಅದನ್ನು 1940ರಲ್ಲಿ ಸರಳ ಅನುವಂಶೀಯ ಗುಣವೆಂದ ತಳಿವಿಜ್ಞಾನಿ ಸ್ಟರ್ಟೆವೆಂಟ್ ಆಮೇಲೆ ತಾನೇ ಹಿಂದೆ ಸರಿದ. ತರಗತಿಗಳಲ್ಲಿ ನಾಲಿಗೆ ಚಾಚುವುದು ಇನ್ನೂ ನಿಂತಿಲ್ಲ.

ಸಂತಾನೋತ್ಪತ್ತಿಯ ಅಧ್ಯಾಯ ಎಲ್ಲ ಅಧ್ಯಾಯಗಳಿಗಿಂತ ಮೊದಲೇ ಓದಲ್ಪಡುತ್ತದೆ. ಜೂನ್ ತಿಂಗಳಲ್ಲಿ ಪುಸ್ತಕ ಕೈಗೆ ಬಂದ ಸಂಜೆಯೇ, ಯಾರೂ ಹೇಳದೆ, ಇಡೀ ತರಗತಿ ಅದನ್ನು ಮುಗಿಸಿರುತ್ತದೆ. ಮೇಷ್ಟ್ರು ಅಲ್ಲಿಗೆ ತಲುಪುವುದು ತಿಂಗಳುಗಳ ನಂತರ, ಅದೂ ದಾಸವಾಳದ ದಾರಿಯಲ್ಲಿ. ದಾಸವಾಳಕ್ಕೆ ಮೂರು ಪೀರಿಯಡ್ಡು. ಪುಷ್ಪಪತ್ರ, ದಳ, ಕೇಸರ, ಐದು ಕವಲಿನ ಶಲಾಕಾಗ್ರ, ಬ್ಲೇಡಿನಲ್ಲಿ ಸೀಳಿದ ಅಂಡಾಶಯ, ಎಲ್ಲವನ್ನೂ ಮನಸಾರೆ ವಿವರಿಸುತ್ತಾರೆ. ಮನೆಯಿಂದ ಹಲವು ಸುತ್ತಿನ ದಾಸವಾಳ ತಂದವಳಿಗೆ ಕೇಸರ ಸರಿಯಾಗಿ ಸಿಗುವುದಿಲ್ಲ, ಅಲ್ಲಿ ಅವು ದಳಗಳಾಗಿ ಬಿಟ್ಟಿರುತ್ತವೆ. ವಿಚಿತ್ರವೆಂದರೆ ಹಿತ್ತಲ ದಾಸವಾಳ ಕಾಯಿ ಕಚ್ಚುವುದೇ ಅಪರೂಪ. ಅದನ್ನು ಎಲ್ಲರೂ ಬೆಳೆಸುವುದು ಕಡ್ಡಿ ನೆಟ್ಟು. ಲೈಂಗಿಕ ಸಂತಾನೋತ್ಪತ್ತಿಗೆ ಉದಾಹರಣೆಯಾಗಿ ಆರಿಸಿಕೊಂಡ ಹೂವು ಆ ಗೋಜಿಗೇ ಹೋಗುವುದಿಲ್ಲ. ಮೇಷ್ಟ್ರಿಗೂ ಅದಕ್ಕೂ ಹೊಂದಿಕೆಯಾದದ್ದು ಇದರಿಂದಲೇ ಇರಬೇಕು. ಮನುಷ್ಯರ ಭಾಗ ಬಂದಾಗ ಗಂಟಲು ಸರಿಮಾಡಿಕೊಂಡು, ಕಿಟಕಿಯಾಚೆಯ ಕಾಗೆಯನ್ನು ನೋಡುತ್ತಾ, "ಇದು ಸುಲಭ ಇದೆ, ನೀವೇ ಓದ್ಕೊಳ್ಳಿ" ಎನ್ನುತ್ತಾರೆ. ಟೀಚರುಗಳು ಈ ವಿಷಯದಲ್ಲಿ ಮೇಷ್ಟ್ರುಗಳಿಗಿಂತ ಧೈರ್ಯವಂತರು. ಹುಡುಗಿಯರನ್ನು ಬೇರೆ ಕೂರಿಸಿಕೊಂಡು, ಹೇಳಬೇಕಾದ್ದನ್ನು ತರಕಾರಿ ಹೆಚ್ಚುವಷ್ಟು ಸಲೀಸಾಗಿ ಹೇಳಿ ಮುಗಿಸುತ್ತಾರೆ. ಹುಡುಗರು ಹೊರಗೆ ವಾಲಿಬಾಲ್ ಆಡುತ್ತಾ ಬೇಕೆಂದೇ ಚೆಂಡನ್ನು ಆ ಕಿಟಕಿಯ ಕಡೆಗೆ ಹೊಡೆಯುತ್ತಿರುತ್ತಾರೆ.

ಈ ಪಾಠದ ಒಂದು ಸಾಲು ಮಾತ್ರ ಮನೆಯವರೆಗೂ ನಡೆದುಹೋಗುತ್ತದೆ. ತಾಯಿ ಕೊಡುವುದು ಯಾವಾಗಲೂ ಎಕ್ಸ್ ವರ್ಣತಂತು. ಎಕ್ಸ್ ಅಥವಾ ವೈ ಕೊಡುವವನು ತಂದೆ. ಹುಟ್ಟುವುದು ಗಂಡೋ ಹೆಣ್ಣೋ ಎಂಬುದು ಅದರ ಮೇಲೆ. ಸೊಸೆ ಮೂರೂ ಹೆಣ್ಣೇ ಹೆತ್ತಳೆಂದು ಜಗಲಿಯಲ್ಲಿ ಗೊಣಗುವ ಅಜ್ಜಿಗೆ ಆ ಮೂವರಲ್ಲಿ ದೊಡ್ಡವಳು ಸಂಜೆ ಪುಸ್ತಕ ತೆರೆದು ಚಿತ್ರ ತೋರಿಸುತ್ತಾಳೆ. "ಹಂಗಾದ್ರೆ ತಪ್ಪು ನನ್ ಮಗಂದು ಅಂತೀಯೇನೇ?" "ಪುಸ್ತಕದಲ್ಲೈತೆ ಕಣಜ್ಜಿ. ತಪ್ಪು ಅಂತಿಲ್ಲ, ವೈ ಅಂತೈತೆ." ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಬಹಳ ಹೊತ್ತು ಮಾತಾಡುವುದಿಲ್ಲ. ಸೊಸೆ ಒಳಗೆ ಪಾತ್ರೆ ತೊಳೆಯುವ ಸದ್ದು ಅವತ್ತು ತುಸು ಜೋರು.

ಕೊನೆಯದು ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಹತ್ತಿರವಾದಂತೆ ಪಾಠ ನಿಂತು ಪಾಸಿಂಗ್ ಪ್ಯಾಕೇಜ್ ಶುರುವಾಗುತ್ತದೆ. ಉಳಿದ ವಿಷಯಗಳಲ್ಲಿ ದಡ ಸೇರಲಾರದವರಿಗೆ ಜೀವಶಾಸ್ತ್ರದ ಚಿತ್ರಗಳೇ ತೆಪ್ಪ. ಹೃದಯ, ಮೆದುಳು, ನೆಫ್ರಾನ್, ನರಕೋಶ, ಹೂವಿನ ನೀಳಛೇದ ಇವಿಷ್ಟನ್ನು ದಿನಕ್ಕೆ ಎರಡು ಸಲ ಬರೆಸಿ ಬರೆಸಿ, ನೆಫ್ರಾನು ಜಿಲೇಬಿಯ ಹಂತ ದಾಟಿ ನೆಫ್ರಾನಿನಂತೆಯೇ ಕಾಣತೊಡಗುತ್ತದೆ. ಹೃದಯದ್ದು ಬೇರೆ ತಾಪತ್ರಯ. ಚಿತ್ರದ ಹೃದಯ ನಮಗೆ ಎದುರಾಗಿ ನಿಂತವನದು, ಅದರ ಬಲ ನಮ್ಮ ಎಡಕ್ಕೆ ಬರುತ್ತದೆ. ಇದು ಕಡೆಯವರೆಗೂ ಖಚಿತವಾಗದವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಎಡ ಹೃತ್ಕುಕ್ಷಿ ಎಂದು ಬರೆದು, ಅಲ್ಲಿಂದ ಹೊರಟ ಗೆರೆಯನ್ನು ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಗೆ ಸರಿಯಾಗಿ ತಂದು ನಿಲ್ಲಿಸುತ್ತಾರೆ. ಯಾವ ಕಡೆ ಎಂಬುದು ಓದುವವರ ವಿವೇಚನೆಗೆ. ಮೌಲ್ಯಮಾಪನಕ್ಕೆ ಕೂತವರೂ ಸಿಬಿಝಡ್ಡೇ. ಕನ್ನಡಕ ಏರಿಸಿ ಆ ಗೆರೆಯ ತುದಿಯನ್ನು ನೋಡುತ್ತಾರೆ, ಪಕ್ಕದವರಿಗೂ ತೋರಿಸುತ್ತಾರೆ, ಅರ್ಧ ಅಂಕ ಹಾಕಿ ಪುಟ ತಿರುಗಿಸುತ್ತಾರೆ.