ಪಾರಿಶ್ವಾಡೀಯ ಹೃದಯಚಕ್ರ ನಿರೂಪಣಂ

ಶಾಸ್ತ್ರ ಬರೆಯುವವನು ಮೊದಲಿಗೆ ನಾಲ್ಕು ಸಂಗತಿ ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಹೇಳದೆ ಹೊರಟರೆ ಗ್ರಂಥ ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆಂದು ಹಿರಿಯರ ಮತ. ಇಲ್ಲಿಯ ವಿಷಯ, ಅನಾಹತವೆಂಬ ಹೃದಯಚಕ್ರ ಮತ್ತು ಅದರ ಸಮತೋಲ. ಪ್ರಯೋಜನ, ಬೆಳಗಾವಿಯ ಒಂದು ಹೊಟೇಲಿನ ಹಾಲ್‌ನಲ್ಲಿ ನಡೆದ ಎರಡು ದಿನದ ಚಕ್ರಶುದ್ಧಿ ಶಿಬಿರಕ್ಕೆ ನಾನು ತೆತ್ತ 3,500 ರೂಪಾಯಿಯನ್ನು ಹೇಗಾದರೂ ವಸೂಲು ಮಾಡಿಕೊಳ್ಳುವುದು. ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ಬೀಗರ ಸಂಬಂಧದಂಥದು. ಇದೆ ಎಂದು ಎರಡೂ ಕಡೆಯವರು ಒಪ್ಪಿದರೆ ಇದೆ. ಇನ್ನು ಅಧಿಕಾರಿ ಎಂದರೆ ಓದಲು ಅರ್ಹನಾದವನು ಎಂದಷ್ಟೇ ಅರ್ಥ. ಖಾನಾಪುರ ತಾಲೂಕಿನಲ್ಲಿ ಈ ಶಬ್ದ ಕಿವಿಗೆ ಬಿದ್ದ ಕೂಡಲೆ ಜನ ತಲಾಟಿ ಬಂದನೆಂದು ಉತಾರ ಹುಡುಕತೊಡಗುತ್ತಾರೆ, ಅದಕ್ಕೆ ಬಿಡಿಸಿ ಹೇಳಬೇಕಾಯಿತು.

ಶಿಬಿರದ ಗುರುಗಳು ನನ್ನ ಎದೆಯ ಮೇಲೆ ದಾರಕ್ಕೆ ಕಟ್ಟಿದ ಹರಳೊಂದನ್ನು ತೂಗಾಡಿಸಿ, "ನಿಮ್ಮ ಹಾರ್ಟ್ ಚಕ್ರ ನಲವತ್ತು ಪರ್ಸೆಂಟ್ ಬ್ಲಾಕ್ ಆಗೇದ್ರಿ" ಎಂದರು. ಉಳಿದ ಅರವತ್ತು? "ಅದು ಹೆಚ್ಚಿಗೆ ತಿರಗಾಕತ್ತೈತಿ." ನಿಂತರೂ ತಪ್ಪು, ತಿರುಗಿದರೂ ತಪ್ಪು ಎನ್ನುವ ಈ ಯಂತ್ರದ ಸಮತೋಲಕ್ಕೆಂದು 800 ರೂಪಾಯಿಯ ಹಸಿರು ಕಲ್ಲೊಂದನ್ನು ಕೊಂಡು, ಜೇಬಿನಲ್ಲಿಟ್ಟುಕೊಂಡು, ಖಾನಾಪುರ ತಾಲೂಕಿನ ಪಾರಿಶ್ವಾಡದ ಬಸ್ ಹತ್ತಿದೆ. ಸಂಶೋಧನೆ ಹುಟ್ಟಿದ್ದು ಬಸ್ಸಿನಲ್ಲಿ.

ಮೊದಲು ಊರಿನ ಹೆಸರು. ಪಾರ್ಶ್ವ ಎಂದರೆ ಪಕ್ಕೆ. ವಾಡ ಎಂದರೆ ವಾಸದ ಜಾಗ. ಪಕ್ಕೆಯೊಳಗೆ ವಾಸವಾಗಿರುವುದು ಯಾವುದು? ಹೃದಯ. ಆದ್ದರಿಂದ ಪಾರಿಶ್ವಾಡವೇ ಹೃದಯ. ಈ ವ್ಯುತ್ಪತ್ತಿಯನ್ನು ಯಾವ ಶಾಸನವೂ ಬೆಂಬಲಿಸುವುದಿಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿದ್ದ ಮಾವನೊಬ್ಬರು ಮಾತ್ರ "ಹೌದೌದು" ಎಂದು ನಿದ್ದೆ ಹೋದರು. ವಿದ್ವತ್ ವಲಯದಲ್ಲಿ ಇದಕ್ಕಿಂತ ಕಡಿಮೆ ಬೆಂಬಲ ಪಡೆದ ವ್ಯುತ್ಪತ್ತಿಗಳು ಪಠ್ಯಪುಸ್ತಕಕ್ಕೆ ಸೇರಿವೆ.

ಈಗ ಪೂರ್ವಪಕ್ಷ. ಬಂಗಾಳದ ಪೂರ್ಣಾನಂದ ಯತಿ 1577ರಲ್ಲಿ ಬರೆದ ಷಟ್ಚಕ್ರನಿರೂಪಣವೇ ಇಂದಿನ ಚಕ್ರವ್ಯಾಪಾರಕ್ಕೆಲ್ಲ ಮೂಲ ಬಂಡವಾಳ. ಕಲಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶನಾಗಿದ್ದ ಜಾನ್ ವುಡ್ರಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ 1919ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಅದು ಹಡಗು ಹತ್ತಿತು. ಗ್ರಂಥದ ಪ್ರಕಾರ ಅನಾಹತಕ್ಕೆ ಹನ್ನೆರಡು ದಳ, ನಡುವೆ ಹೊಗೆಬಣ್ಣದ ಷಟ್ಕೋಣ, ವಾಯು ತತ್ತ್ವ, ‘ಯಂ’ ಬೀಜಾಕ್ಷರ, ವಾಹನ ಕೃಷ್ಣಮೃಗ. ದಳಗಳ ಬಣ್ಣ ಬಂದುಗೆ ಹೂವಿನ ಕೆಂಪು. ಕೆಂಪು! ಹಾಗಾದರೆ ನನ್ನ ಜೇಬಿನ ಕಲ್ಲು ಹಸಿರೇಕೆ? 1970ರ ದಶಕದ ಅಮೆರಿಕದಲ್ಲಿ ಯಾರಿಗೋ ನೆತ್ತಿಯದನ್ನೂ ಸೇರಿಸಿದರೆ ಚಕ್ರವೂ ಏಳು, ಕಾಮನಬಿಲ್ಲಿನ ಬಣ್ಣವೂ ಏಳು ಎಂದು ಹೊಳೆಯಿತು. ಕೆಳಗಿನಿಂದ ಬಣ್ಣ ಬಳಿಯುತ್ತ ಬಂದರು, ನಾಲ್ಕನೆಯದಕ್ಕೆ ಹಸಿರು ಬಿತ್ತು. ಹೋದದ್ದು ಕೆಂಪು, ವಾಪಸು ಬಂದದ್ದು ಹಸಿರು. ಬೆಳಗಾವಿಯಲ್ಲಿ ಬಣ್ಣದ ಬಗ್ಗೆ ಮಾತಾಡುವಾಗ ಆಚೀಚೆ ನೋಡಿಕೊಂಡು ಮಾತಾಡಬೇಕು, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ವಾಹನದ್ದು ಬೇರೆ ತೊಡಕು. ಕೃಷ್ಣಮೃಗ ನೋಡಬೇಕೆಂದರೆ ರಾಣೆಬೆನ್ನೂರಿಗೆ ಹೋಗಬೇಕು. ಖಾನಾಪುರದ ಭೀಮಗಡ ಕಾಡಿಗೆ ಹೆಸರು ತಂದದ್ದು ಬಾರಾಪೆಡೆ ಗುಹೆಯ ಬಾವಲಿ, ಜಗತ್ತಿನಲ್ಲೇ ಅಪರೂಪದ್ದು. ಬಾವಲಿ ತಲೆಕೆಳಗಾಗಿ ತೂಗುತ್ತದೆ. ವಾಹನವೇ ತಲೆಕೆಳಗಾದಲ್ಲಿ ಸವಾರನ ಗತಿ ಏನು? ಮೇಲಿನ ಚಕ್ರ ಕೆಳಗಿಳಿದಿರಬೇಕು. ಈ ತರ್ಕ ಮುಂದೆ ಉಪಯೋಗಕ್ಕೆ ಬರುತ್ತದೆ, ಓದುಗರು ನೆನಪಿಟ್ಟುಕೊಂಡಿರಬೇಕು.

ದಳಗಳ ಮೇಲಿನ ಅಕ್ಷರಗಳಿಗೆ ಬರೋಣ, ಈ ಪ್ರಬಂಧದ ಕೀರ್ತಿ ನಿಂತಿರುವುದೇ ಅದರ ಮೇಲೆ. ಅನಾಹತದ ಹನ್ನೆರಡು ದಳಗಳಲ್ಲಿ ಕಕಾರದಿಂದ ಠಕಾರದವರೆಗಿನ ಅಕ್ಷರಗಳಿವೆ. ಶಿಬಿರದಲ್ಲಿ ಇದು ಪ್ರೀತಿಯ ಚಕ್ರ ಎಂದರು. ಪ್ರೀತಿಯ ಪ ಇಲ್ಲಿಲ್ಲ! ಅದು ಡಕಾರದಿಂದ ಫಕಾರದವರೆಗಿನ ಮಣಿಪೂರದಲ್ಲಿ, ಅಂದರೆ ಹೊಕ್ಕುಳಲ್ಲಿ ಇದೆ. ದಯೆಯ ದ ಹೊಕ್ಕುಳಲ್ಲಿ. ತಾಯಿಯ ತ, ನಂಟಿನ ನ, ಧರ್ಮದ ಧ ಎಲ್ಲ ಹೊಕ್ಕುಳಲ್ಲೇ. ಸ್ನೇಹದ ಸ ಮೂಲಾಧಾರದಲ್ಲಿದೆ. ಊರ ಕಟ್ಟೆಯ ಮೇಲೆ ಕೂತಲ್ಲಿಂದ ಹುಟ್ಟುವ ಸ್ನೇಹಕ್ಕೆ ಅದಕ್ಕಿಂತ ಸರಿಯಾದ ತಾಣವಿಲ್ಲ. ಹೃದಯದ ಹ ಹುಬ್ಬುಗಳ ನಡುವಿನ ಆಜ್ಞೆಯಲ್ಲಿದೆ. ಎದೆಯ ಎ ಸ್ವರವಾದ್ದರಿಂದ ಕೊರಳಿನ ವಿಶುದ್ಧಿಗೆ ಹೋಗಬೇಕು, ಹೋದರೆ ಅಲ್ಲೂ ಜಾಗವಿಲ್ಲ, ಸಂಸ್ಕೃತಕ್ಕೆ ಹ್ರಸ್ವ ಎಕಾರವೇ ಇಲ್ಲ. ಕನ್ನಡಿಗನ ಎದೆ ಹೀಗೆ ಷಟ್ಚಕ್ರಗಳ ಬಾಗಿಲಲ್ಲಿ ಜಾಗವಿಲ್ಲದೆ ನಿಂತಿದೆ. ಹಾಗಾದರೆ ಅನಾಹತದ ಮೊದಲ ದಳದ ಕ ಯಾವುದರದು? ಕರುಳಿನದು. ಹೊಟ್ಟೆಗೂ ಹಕಾರವೇ ಅಲ್ಲವೆ, ಅದೂ ಹುಬ್ಬಿನ ನಡುವೆ ಹೋಗಬೇಕಲ್ಲ ಎಂದು ಆಕ್ಷೇಪಿಸುವವರನ್ನು ಈ ಪ್ರಬಂಧ ಗಮನಕ್ಕೆ ತೆಗೆದುಕೊಳ್ಳುವುದಿಲ್ಲ.

ಸಂಖ್ಯಾಶಾಸ್ತ್ರದ ಆಧಾರವನ್ನೂ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಪ್ರಬಂಧಕ್ಕೆ ತೂಕ ಬರುವುದಿಲ್ಲ. ಬೆಳಗಾವಿ ಕೋಟೆಯೊಳಗೆ 1204ರಲ್ಲಿ ರಟ್ಟರ ಕಾಲದಲ್ಲಿ ಬೀಚಿರಾಜ ಕಟ್ಟಿಸಿದ ಕಮಲಬಸದಿ ಇದೆ. ಅದರ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲಕ್ಕೆ 72 ದಳ. ಹಿಂದಿನ, ಇಂದಿನ, ಮುಂದಿನ ಇಪ್ಪತ್ತನಾಲ್ಕು ತೀರ್ಥಂಕರರ ಲೆಕ್ಕ. ಯೋಗಿಗಳು ಹೇಳುವ ನಾಡಿಗಳು 72 ಸಾವಿರ. ಡಾಕ್ಟರು ಹೇಳುವ ನಾಡಿಬಡಿತ ನಿಮಿಷಕ್ಕೆ 72. 1892ರ ಅಕ್ಟೋಬರಿನಲ್ಲಿ ವಿವೇಕಾನಂದರು ಬೆಳಗಾವಿಯಲ್ಲಿದ್ದದ್ದು ಭಾಟೆಯವರ ಮನೆಯಲ್ಲಿ ಮೂರು ದಿನ, ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಒಂಬತ್ತು ದಿನ, ಒಟ್ಟು ಹನ್ನೆರಡು. ನಾಲ್ಕು ವರ್ಷಕ್ಕೆ ಅವರ ರಾಜಯೋಗ ಪುಸ್ತಕವಾಗಿ ಬಂತು, ಅದರಲ್ಲಿ ಅನಾಹತದ ಹೆಸರಿದೆ. ಲೆನೆಕ್ ಸ್ಟೆತಾಸ್ಕೋಪ್ ಕಂಡುಹಿಡಿದದ್ದು 1816ರಲ್ಲಿ; ಸರಿಯಾಗಿ ನೂರು ವರ್ಷಕ್ಕೆ, 1916ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು, ಕಟ್ಟಿದವರು ಏಳು ಜನ, ಕರೆಯುವುದು ಸಪ್ತರ್ಷಿಗಳೆಂದು. ಏಳು ಚಕ್ರ, ಏಳು ಋಷಿ. ಇದರಿಂದ ಏನು ಸಿದ್ಧವಾಯಿತೆಂದು ಕೇಳಬಾರದು. ಸಂಖ್ಯೆಗಳನ್ನು ಹತ್ತಿರ ಹತ್ತಿರ ಇಟ್ಟರೆ ಸಾಕು, ಉಳಿದದ್ದನ್ನು ಅವು ತಾವೇ ನೋಡಿಕೊಳ್ಳುತ್ತವೆ.

ಅನಾಹತ ಎಂದರೆ ಹೊಡೆಯದೆ ಹುಟ್ಟುವ ನಾದ. ಹೃದಯದ ಲಬ್-ಡಬ್ ಈ ಪರೀಕ್ಷೆಯಲ್ಲಿ ನಪಾಸು, ಅದು ಕವಾಟಗಳು ಮುಚ್ಚುವ ಸದ್ದು, ಬಾಗಿಲು ಬಡಿದಂತೆ. ಊರ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಆಳೆತ್ತರದ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಹೋಗುವಾಗ ಎಂಥ ಮುಚ್ಚಿದ ಎದೆಯೂ ಗದಗದ ನಡುಗಿ ತೆರೆಯುತ್ತದೆ, ಆದರೆ ಅದು ಆಹತದಲ್ಲಿ ಪರಮ ಆಹತ. ನಿಜವಾದ ಅನಾಹತ ನಾದ ನನಗೆ ಕೇಳಿಸಿದ್ದು ಹೊಲದ ಪಂಪ್‌ಸೆಟ್ಟಿನಲ್ಲಿ. ಕರೆಂಟಿಗೆ ಮೂರು ಫೇಸು: ಇಡಾ, ಪಿಂಗಳಾ, ಸುಷುಮ್ನಾ. ಮೂರೂ ಬಂದರೆ ನೀರು ಮೇಲೇರುತ್ತದೆ. ಒಂದು ಕೈಕೊಟ್ಟರೆ ಮೋಟರು ತಿರುಗುವುದಿಲ್ಲ, ನಿಂತಲ್ಲೇ ‘ಗುಂಯ್’ ಅನ್ನುತ್ತದೆ. ಯಾರೂ ಹೊಡೆದದ್ದಲ್ಲ, ಎಲ್ಲಿಂದಲೋ ಬರುತ್ತದೆ, ಅಖಂಡವಾಗಿ ಬರುತ್ತದೆ. ಯೋಗಿಗಳು ಈ ನಾದವನ್ನು ಕೇಳುತ್ತ ಕೂರಬೇಕೆನ್ನುತ್ತಾರೆ. ರೈತ ಕೇಳುತ್ತ ಕೂತರೆ ವೈಂಡಿಂಗ್ ಸುಡುತ್ತದೆ.

ಕ್ಷೇತ್ರಕಾರ್ಯಕ್ಕಾಗಿ ನಮ್ಮ ಕಾಕಾನ ಹಿತ್ತಲಿಗೆ ಹೋದೆ. ಚಕ್ರದ ಬಗ್ಗೆ ಬರೆಯುವವನು ಒಂದಾದರೂ ಚಕ್ರವನ್ನು ಕಣ್ಣಾರೆ ನೋಡಿರಬೇಕಲ್ಲ. ಈಗ ಎಲ್ಲ ಟೈರಿನ ಗಾಡಿ. ಹಳೆಯ ಚಕ್ಕಡಿಯ ಗಾಲಿಯೊಂದು ಗೋಡೆಗೆ ಒರಗಿತ್ತು. ಎಣಿಸಿದೆ. ಅರಗಳು ಹನ್ನೆರಡು! ಹೊರಸುತ್ತಿನ ಮರದ ತುಂಡುಗಳು ಆರು! ಹನ್ನೆರಡು ದಳ, ಷಟ್ಕೋಣ, ನಡುವೆ ಕರ್ಣಿಕೆಯಂಥ ಗುಂಬ. ಮೈ ಜುಮ್ಮೆಂದಿತು. ದೇಹವನ್ನು ಬಂಡಿಗೆ ಹೋಲಿಸಿದ ಜೇಡರ ದಾಸಿಮಯ್ಯ ಸುಮ್ಮನೆ ಹೋಲಿಸಿರಲಿಕ್ಕಿಲ್ಲ.

"ಕಾಕಾ, ಹನ್ನೆರಡ ಯಾಕ ಅದಾವ?"

"ಆರ ತುಂಡು, ತುಂಡಿಗೆ ಎರಡರಂಗ. ಮತ್ತೇನ ಹದಿಮೂರ ಇರಬೇಕಾ?"

"ಇದು ಬ್ಲಾಕ್ ಆದ್ರ ಏನ ಮಾಡ್ತಿದ್ರಿ?"

"ಕೀಲೆಣ್ಣಿ ಹಾಕ್ತಿದ್ವಿ. ಔಡಲೆಣ್ಣಿ."

"ಹೆಚ್ಚಿಗಿ ತಿರಗಿದ್ರ?"

ಕಾಕಾ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಎತ್ತು ನಿಂದ್ರಸತಿದ್ವಿ."

ಹಳಿಯ ಸಂಗತಿಯನ್ನೂ ಅವರೇ ಹೇಳಿದರು. ಕಬ್ಬಿಣದ ಹಳಿಯನ್ನು ಗಾಲಿಗಿಂತ ಒಂದಿಷ್ಟು ಸಣ್ಣದು ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಆಗ ಏರಿಸಿ ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಬಿಗಿ ಹೆಚ್ಚಾದರೆ ಅರ ಬಾಗುತ್ತದೆ, ಕಡಿಮೆಯಾದರೆ ಹಳಿ ಜಾರುತ್ತದೆ. ಸಮತೋಲದ ಬಗ್ಗೆ ಎರಡು ದಿನದ ಶಿಬಿರದಲ್ಲಿ ಇಷ್ಟು ನಿಖರವಾದ ವಾಕ್ಯ ನನಗೆ ಸಿಕ್ಕಿರಲಿಲ್ಲ. ಔಡಲೆಣ್ಣೆಯನ್ನೇ ಕಟ್ಟಿದ ಹೊಟ್ಟೆಗೂ ಕುಡಿಸುತ್ತಾರೆಂಬುದು ವಿದ್ವಾಂಸರ ಗಮನಕ್ಕೆ ಬರಲಿ. ಎದೆಯ ಗಾಲಿಗೂ ಹೊಟ್ಟೆಗೂ ಎಣ್ಣೆ ಒಂದೇ.

ಇನ್ನು ಸಿದ್ಧಾಂತ. ಕನ್ನಡದಲ್ಲಿ ಎದೆ ಧೈರ್ಯದ ಇಲಾಖೆ. ಎದೆಗಾರಿಕೆ, ಎದೆಗುಂದುವುದು, ಎದಿ ಧಸಕ್ ಅನ್ನುವುದು, ಎದೆಯೊಡ್ಡಿ ನಿಲ್ಲುವುದು ಎಲ್ಲ ಅಲ್ಲಿಯ ಕಡತಗಳು. ಖಾನಾಪುರ ತಾಲೂಕಿಗೆ ಇದನ್ನು ಯಾರೂ ಕಲಿಸಬೇಕಿಲ್ಲ; ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಇದೇ ತಾಲೂಕಿನಲ್ಲಿದೆ. ಅಲ್ಲಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಈ ಒಂದು ಮಾತಿನಲ್ಲಿ ಅಣಕು ಮಾಡಲು ನನಗೆ ಮನಸ್ಸಿಲ್ಲ, ಮುಂದೆ ಹೋಗುತ್ತೇನೆ.

ಆದರೆ ಮರುಕ, ಮಮತೆ, ಕ್ಷಮೆ? ಇವು ಒಂದೂ ಎದೆಯಲ್ಲಿಲ್ಲ. ಪರರ ಕಷ್ಟ ಕಂಡರೆ ಚುರ್ ಅನ್ನುವುದು ಕರುಳು. ಮಗಳು ಕರುಳಿನ ಕುಡಿ, ತವರು ಕರುಳಿನ ನಂಟು. ತಪ್ಪು ಮಾಡಿದವನನ್ನು ಕ್ಷಮಿಸುವುದೆಂದರೆ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ಕ್ಷಮಿಸದಿದ್ದರೂ ಹೊಟ್ಟೆಯೇ, ಆಗ ಅದು ಹೊಟ್ಟೆಕಿಚ್ಚು. ಜಗತ್ತಿನ ಶಿಬಿರಗಳೆಲ್ಲ ಎದೆಯ ಮೇಲೆ ಹರಳು ತೂಗಾಡಿಸುತ್ತಿರುವಾಗ ಕನ್ನಡಿಗನ ಹೃದಯಚಕ್ರ ಎರಡು ಗೇಣು ಕೆಳಗೆ ಕೂತು ನಗುತ್ತಿದೆ.

ಇಲ್ಲಿ ಒಂದು ಗಡಿ ತಂಟೆ ಏಳುತ್ತದೆ. ಎದೆಯ ಸೊತ್ತೆಂದು ದಾಖಲೆಯಲ್ಲಿರುವ ಕರುಣೆಯನ್ನು ಹೊಟ್ಟೆ ಅನುಭೋಗಿಸುತ್ತಿದೆ. ನಡುವೆ ಗಡಿಯಾಗಿ ವಪೆ ಎಂಬ ತೆಳು ಪರದೆ. ಕರ್ನಾಟಕ-ಮಹಾರಾಷ್ಟ್ರ ಗಡಿಗೆ ಆದಂತೆ ಇದಕ್ಕೂ ಒಂದು ಮಹಾಜನ ಆಯೋಗ ಬೇಕು. ಆದರೆ 1967ರ ವರದಿಯ ಗತಿ ಕಂಡವರು ಯಾರೂ ಇನ್ನೊಂದು ಆಯೋಗದ ಹೆಸರೆತ್ತಲಾರರು. ಸೋಜಿಗವೆಂದರೆ, ಬೋರ್ಡಿನ ಅಕ್ಷರದಿಂದ ಹಿಡಿದು ಎಲ್ಲದರಲ್ಲೂ ಜಗಳವಾಡುವ ಎರಡು ಭಾಷೆಗಳು ಇದೊಂದರಲ್ಲಿ ಜಗಳವಾಡಿಲ್ಲ. ಮರಾಠಿಯವರೂ ತಪ್ಪನ್ನು ‘ಪೋಟಾತ ಘಾಲ್’ ಅನ್ನುತ್ತಾರೆ, ಹೊಟ್ಟೆಗೇ ಹಾಕಿಕೊಳ್ಳುತ್ತಾರೆ. ಸಂಕಟಕ್ಕೆ ಅವರದೂ ಕರುಳೇ ಹರಿಯುವುದು, ‘ಆತಡೆ ತುಟತೆ’. ಅಸೂಯೆಗೆ ‘ಪೋಟದುಖಿ’, ಹೊಟ್ಟೆನೋವು. ತಾಲೂಕಿನ ಪಶ್ಚಿಮದ ಕಾಡಿನಂಚಿನಿಂದ ಇಟಗಿ-ಪಾರಿಶ್ವಾಡದ ಎರೆಹೊಲದವರೆಗೆ ಹೊಟ್ಟೆ ಅವಿಭಾಜ್ಯ.

ಶರಣರು ಇದನ್ನು ಮೊದಲೇ ಊಹಿಸಿದ್ದರೆಂದು ನನಗೆ ಅನುಮಾನ. ವೀರಶೈವ ಷಟ್‌ಸ್ಥಲದಲ್ಲಿ ಆರು ಚಕ್ರಗಳಿಗೂ ಒಂದೊಂದು ಸ್ಥಲ, ಒಂದೊಂದು ಲಿಂಗ ಇವೆ. ಆಧಾರದಲ್ಲಿ ಆಚಾರಲಿಂಗ, ಆಜ್ಞೆಯಲ್ಲಿ ಮಹಾಲಿಂಗ. ಅನಾಹತದಲ್ಲಿ ಪ್ರಾಣಲಿಂಗಿಸ್ಥಲ, ಪಂಚಾಕ್ಷರಿಯ ವಾಕಾರ, ಅಲ್ಲಿ ನೆಲೆಸಿದ್ದು ಜಂಗಮಲಿಂಗ. ಪೂರ್ಣಾನಂದ ಹೃದಯಕಮಲದಲ್ಲಿ ಜಿಂಕೆ ಕೂರಿಸಿದ, ಇವರು ಜಂಗಮನನ್ನು ಕೂರಿಸಿದರು. ಜಂಗಮ ಎಂದರೆ ಒಂದೆಡೆ ನಿಲ್ಲದವನು, ಜೋಳಿಗೆ ಹಿಡಿದು ಬಾಗಿಲಿಗೆ ಬಂದು ನಿಂತವನು. ಅವನಿಗೆ ಕಲ್ಲು ತೋರಿಸಿದರೆ ಆಗುವುದಿಲ್ಲ, ಬಣ್ಣದ ದೀಪ ಹಚ್ಚಿದರೂ ಆಗುವುದಿಲ್ಲ. ಹೃದಯಚಕ್ರದ ಅಧಿದೇವತೆಗೇ ಹಸಿವೆ ಇರುವ ಶಾಸ್ತ್ರ ನಮ್ಮದು. ಇಲ್ಲಿ ಪ್ರಬಂಧಕಾರ ಒಂದು ಕ್ಷಣ ಗಂಭೀರನಾದದ್ದಕ್ಕೆ ಕ್ಷಮೆ ಇರಲಿ. ಹೊಟ್ಟೆಗೆ ಹಾಕಿಕೊಳ್ಳಿ.

ಉಳಿದದ್ದು ಚಿಕಿತ್ಸಾಖಂಡ. ಎದೆ ನಿಜವಾಗಿ ನೊಂದು ನೋವು ಎಡಗೈಗೆ ಇಳಿದರೆ ಯಾವ ಚಕ್ರವನ್ನೂ ನಂಬದೆ ದವಾಖಾನಿಗೆ ಓಡಬೇಕು, ಪಾರಿಶ್ವಾಡದವರು ಬೆಳಗಾವಿಗೇ ಓಡುತ್ತಾರೆ. ಮಿಕ್ಕವರಿಗೆ ‘ಬಟ್ಟಿ ನೋಡುವುದು’ ಇದೆ. ಭಾರ ಎತ್ತಿದರೆ, ಕಾಲು ಜಾರಿದರೆ ಹೊಕ್ಕುಳ ಹತ್ತಿರದ ಬಟ್ಟಿ ಸರಿಯುತ್ತದೆಂದು ನಂಬಿಕೆ. ವೈದ್ಯಶಾಸ್ತ್ರದಲ್ಲಿ ಇಂಥ ಕಾಯಿಲೆ ಇಲ್ಲ. ಆದರೆ ನೋಡುವ ಕ್ರಮ ನೋಡಿ: ಬೆಳಗ್ಗೆ ಬರಿಹೊಟ್ಟೆಯಲ್ಲಿ ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಬೆರಳೂರಿ, ಬಡಿತ ಎಲ್ಲಿದೆ ಎಂದು ಹುಡುಕುತ್ತಾರೆ. ಆ ಬಡಿತ ಹೊಟ್ಟೆಯ ಮಹಾಪಧಮನಿಯದು. ಅಂದರೆ ಹೃದಯದ್ದೇ, ಕೆಳಗಿಳಿದು ಬಂದದ್ದು. ಬಾವಲಿಯನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಓಣಿಯ ಆಯಿಯೊಬ್ಬಳು ನನ್ನನ್ನು ಚಾಪೆಯ ಮೇಲೆ ಮಲಗಿಸಿದಳು. "ತಮ್ಮಾ, ಮ್ಯಾಲ ಸರದೈತೋ."

"ಎಷ್ಟು ಪರ್ಸೆಂಟ್, ಆಯಿ?"

"ಎರಡ ಬಟ್ಟ."

ಔಡಲೆಣ್ಣಿ ಸವರಿದಳು, ಹೆಬ್ಬೆರಳು ಜಗ್ಗಿದಳು, ಎಲ್ಲೋ ಲಟಕ್ ಎಂದಿತು. ಇವತ್ತೆಲ್ಲ ಭಾರ ಎತ್ತಬ್ಯಾಡ ಎಂದಳು. ಎಷ್ಟು ಕೊಡಲಿ ಎಂದಾಗ ಬೈದಳು. ಹೋಗುವ ದಾರಿಯಲ್ಲಿ ಹತ್ತು ಕಿಲೋ ಜ್ವಾಳ ಗಿರಣಿಗೆ ಮುಟ್ಟಿಸಿ ಹೋಗೆಂದು ಡಬ್ಬಿ ಹೊರಿಸಿದಳು. ಏಳುವಾಗ ಜೇಬಿನಿಂದ ಹಸಿರು ಕಲ್ಲು ಉರುಳಿತ್ತು. ಏನಿದು ಎಂದು ಕೇಳಿದಳು. ಸಮತೋಲಕ್ಕೆ ಎಂದೆ.

ಹಿಟ್ಟು ಕೊಡಲು ಸಂಜೆ ಹೋದಾಗ ನೋಡಿದೆ. ಅಡಿಗೆಮನೆಯ ಕಪಾಟಿನ ಹಿಂದಿನ ಎಡಗಾಲು ಮೋಟು; ಕಲ್ಲು ಅದರಡಿಗೆ ಹೋಗಿತ್ತು. ಕಪಾಟು ಅಲುಗಾಡುತ್ತಿರಲಿಲ್ಲ.