ಮೊದಲು ಕುದುರೆ, ಆಮೇಲೆ ಜೀನು, ಕೊನೆಗೆ ಸವಾರ

ಯುದ್ಧವಿಲ್ಲದ ಕಾಲದಲ್ಲಿ ಕುದುರೆ ಸೈನ್ಯದವರು ವರ್ಷವಿಡೀ ಏನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ರಿಸಾಲ್ದಾರ್ ಸಾಹೇಬರ ಮುಂದೆ ಎತ್ತಬಾರದು. ಎತ್ತಿದವರು ಚಹಾ ಆರಿ, ಎರಡನೆಯ ಚಹಾ ಬಂದು, ಅದೂ ಆರುವವರೆಗೆ ಎದ್ದು ಹೋಗುವಂತಿಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೆ ಜೈಪುರಕ್ಕೆ ಬಂದು ಅವರ ಮಹಡಿ ಮನೆಗೆ ಬಾಡಿಗೆಗೆ ಸೇರಿದ ನಾನು ಮೊದಲ ವಾರವೇ ಅದನ್ನು ಎತ್ತಿದೆ. ಉತ್ತರ ಇನ್ನೂ ನಡೆಯುತ್ತಿದೆ.

ಅವರದು 61ನೇ ಕ್ಯಾವಲ್ರಿ. ಜಗತ್ತಿನ ಸೈನ್ಯಗಳೆಲ್ಲ ಕುದುರೆಯಿಂದಿಳಿದು ಟ್ಯಾಂಕ್ ಹತ್ತಿದ ಮೇಲೂ ಕುದುರೆಯ ಮೇಲೇ ಕೂತ ರೆಜಿಮೆಂಟು. ಸಂಸ್ಥಾನಗಳು ಭಾರತದಲ್ಲಿ ವಿಲೀನವಾದಾಗ ಗ್ವಾಲಿಯರ್, ಜೋಧಪುರ, ಮೈಸೂರು ಮುಂತಾದ ಕಡೆ ಮಹಾರಾಜರ ಲಾಯಗಳಲ್ಲಿ ಕುದುರೆಗಳೂ ಸವಾರರೂ ಉಳಿದುಬಿಟ್ಟರು. ಅವರನ್ನು ಒಂದುಗೂಡಿಸಿ 1953ರ ಅಕ್ಟೋಬರ್ 1ರಂದು ಗ್ವಾಲಿಯರಿನಲ್ಲಿ ಈ ರೆಜಿಮೆಂಟ್ ಕಟ್ಟಿದರು. ಮರುವರ್ಷದ ಜನವರಿಯಲ್ಲಿ ಈಗಿನ ಹೆಸರು ಬಂತು, ಆಮೇಲೆ ಠಾಣ್ಯ ಜೈಪುರಕ್ಕೆ ಬಂತು. ‘ಅಶ್ವಶಕ್ತಿ ಯಶೋಬಲ’ ಎಂಬುದು ಅವರ ಧ್ಯೇಯವಾಕ್ಯ. ಅದರಲ್ಲಿ ಕುದುರೆಯ ಹೆಸರು ಎಲ್ಲಕ್ಕಿಂತ ಮೊದಲಿದೆ, ಸವಾರನ ಹೆಸರು ಎಲ್ಲೂ ಇಲ್ಲ. ಮುಂದಿನದೆಲ್ಲ ಇದರ ವಿವರಣೆಯಷ್ಟೇ.

ಮನೆ ನೋಡಲು ಹೋದ ದಿನ “ಊರು ಯಾವುದು?” ಎಂದು ಕೇಳಿದರು. “ಕುಣಿಗಲ್, ಹಳೇ ಮೈಸೂರಿನ ಕಡೆ” ಎಂದೆ. ಅವರಿಗೆ ಮೈಸೂರು ಎಂಬುದೊಂದೇ ಕೇಳಿಸಿತು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಮೊದಲ ಮಹಾಯುದ್ಧದ ಹೈಫಾ ಕಾಳಗ ಶುರುವಾಯಿತು. 1918ರ ಸೆಪ್ಟೆಂಬರ್ 23. ಎದುರಿಗೆ ತುರ್ಕರ ಮಷಿನ್‌ಗನ್ನು, ಬೆಟ್ಟದ ಮೇಲೆ ಫಿರಂಗಿ. ಈ ಕಡೆ ಕೈಯಲ್ಲಿ ಈಟಿ ಹಿಡಿದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು, ಜೋಧಪುರದವರು ಊರಿನೊಳಕ್ಕೆ ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಶೇಖಾವತ್ ಅಲ್ಲೇ ಬಿದ್ದರು, ಸಂಜೆಯೊಳಗೆ ಹೈಫಾ ಕೈವಶವಾಯಿತು. ಸೆರೆಸಿಕ್ಕವರೇ 1350 ಮಂದಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಕಂಚಿನ ಸವಾರರಲ್ಲಿ ಒಬ್ಬ ನಮ್ಮ ಮೈಸೂರಿನವನು, ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಸಾಹೇಬರ ಕಣ್ಣು ತುಂಬಿತ್ತು, ನನ್ನ ಅಡ್ವಾನ್ಸಿನಲ್ಲಿ ಒಂದು ತಿಂಗಳಿನದು ಮನ್ನಾ ಆಗಿತ್ತು. ಕಾರ್ಮೆಲ್ ಬೆಟ್ಟವೇರಿದ ಆ ಪುಣ್ಯಾತ್ಮರಿಗೆ, ತಾವು ನೂರು ವರ್ಷ ಕಳೆದ ಮೇಲೆ ಒಬ್ಬ ಬ್ಯಾಂಕ್ ನೌಕರನ ಬಾಡಿಗೆ ವ್ಯವಹಾರಕ್ಕೂ ಒದಗುತ್ತೇವೆಂದು ಗೊತ್ತಿರಲಿಕ್ಕಿಲ್ಲ.

ಕುಣಿಗಲ್ಲಿನ ಸ್ಟಡ್ ಫಾರಂ ಸುದ್ದಿ ಅವರಿಗೆ ಹೇಗೋ ತಿಳಿದ ಮೇಲೆ ನನ್ನ ಮಾನ ಇನ್ನೂ ಏರಿತು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸಿದ ಊರಿನವನು! ನಾನು ಆ ಫಾರಮ್ಮಿನಲ್ಲಿ ಕಂಡಿದ್ದು ಬಸ್ಸಿನ ಕಿಟಕಿಯಿಂದ ಕಾಣುವಷ್ಟು ಮಾತ್ರ. ಕುದುರೆಯ ಹತ್ತಿರ ಹೋದರೆ ಮುಂದಿನಿಂದ ಕಚ್ಚುತ್ತದೆ, ಹಿಂದಿನಿಂದ ಒದೆಯುತ್ತದೆ ಎಂದು ನಮ್ಮಜ್ಜಿ ಹೇಳಿದ್ದರು. ಬದುಕಿನಲ್ಲಿ ಪರೀಕ್ಷಿಸದೆ ನಂಬಿದ ಕೆಲವೇ ಮಾತುಗಳಲ್ಲಿ ಅದೊಂದು. ಸಾಹೇಬರು ಮಾತ್ರ ಕುದುರೆ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುತ್ತಾರೆ. ನಾನು ಗಂಭೀರವಾಗಿ ತಲೆ ಆಡಿಸುತ್ತೇನೆ. ಒಮ್ಮೆ ನನ್ನ ಹೆಂಡತಿ ಊರಿಂದ ತಂದ ಹುರುಳಿಯಲ್ಲಿ ಕಟ್ಟಿನ ಸಾರು ಮಾಡಿ ಕೆಳಗೆ ಕಳಿಸಿದಳು. “ಇದು ಕುದುರೆ ದಾಣಿಯಲ್ಲವೇ?” ಎಂದು ಕೇಳಿದರು. ಹೌದು ಎಂದೆ. ಕುದುರೆ ತಿನ್ನುವುದನ್ನೇ ತಿನ್ನುವ ಜನ ಎಂದು ನಮ್ಮ ಮೇಲೆ ಅವರಿಗೆ ಹುಟ್ಟಿದ ಗೌರವವನ್ನು ಮಾತಿನಲ್ಲಿ ಹೇಳಲಾರೆ. ಎರಡು ಲೋಟ ಕುಡಿದರು.

ಅಶ್ವದಳದ ಹಳೆಯ ಕಟ್ಟಳೆ ಇದು: ಮೊದಲು ಕುದುರೆ ಉಣ್ಣಬೇಕು, ಆಮೇಲೆ ಜೀನು ಲಗಾಮುಗಳ ಆರೈಕೆ, ಕೊನೆಗೆ ಸವಾರನ ಊಟ. ಶಾಂತಿಕಾಲದಲ್ಲಿ ಈ ಕಟ್ಟಳೆ ಇನ್ನೂ ಬಿಗಿಯಾಗುತ್ತದೆ, ಏಕೆಂದರೆ ಮುರಿಯಲು ನೆಪ ಸಿಗುವುದಿಲ್ಲ. ನಸುಕಿನಲ್ಲಿ ಲಾಯಕ್ಕೆ ಹೋಗಿ ಮೊದಲು ನೀರು ತೋರಿಸಬೇಕು, ದಾಣಿ ಆಮೇಲೆ. ನಾಲ್ಕೂ ಗೊರಸು ಎತ್ತಿ ಸಂದಿನ ಕಲ್ಲು ಮಣ್ಣು ಕೆರೆಯಬೇಕು. ಮೈಯನ್ನು ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ, ದಫೇದಾರ ಬಿಳಿ ಕರವಸ್ತ್ರ ಒತ್ತಿ ನೋಡಿದರೂ ಧೂಳು ಹತ್ತದ ಹಾಗೆ ಮಾಡಬೇಕು. ಸುಮಾರು ತಿಂಗಳಿಗೊಮ್ಮೆ ಲಾಳ ಬಿಚ್ಚಿ, ಬೆಳೆದ ಗೊರಸು ಕತ್ತರಿಸಿ, ಮತ್ತೆ ಲಾಳ ಹೊಡೆಯಬೇಕು. “ನನ್ನ ಮದುವೆಯ ದಿನ ನನ್ನ ತಲೆಗೂದಲನ್ನು ಯಾರೂ ಅಷ್ಟು ಬಾಚಿರಲಿಲ್ಲ” ಎನ್ನುತ್ತಾರೆ ಅವರ ಬೇಗಂ. ನನ್ನ ಹೆಂಡತಿ ಅವರನ್ನು ಆಪಾ ಎಂದು ಕರೆಯುತ್ತಾಳೆ. ಆಪಾ ತಮ್ಮ ಗಂಡ ಸಾಕಿದ ಕುದುರೆಗಳ ಹೆಸರನ್ನೆಲ್ಲ ಸವತಿಯರ ಹೆಸರು ಹೇಳುವ ಧಾಟಿಯಲ್ಲೇ ಹೇಳುತ್ತಾರೆ. ಅವರ ದೊಡ್ಡ ದೂರು, ಸಾಹೇಬರು ರಜೆಯಲ್ಲಿ ಝುಂಝುನೂಗೆ ಬಂದಾಗ ನಿದ್ದೆಯಲ್ಲಿ ಮಗ್ಗುಲಾದ ಹೆಂಡತಿಯ ಬೆನ್ನು ತಟ್ಟಿ “ಶಾಬಾಶ್ ಬೇಟಾ, ನಿಲ್ಲು, ನಿಲ್ಲು” ಎನ್ನುತ್ತಿದ್ದರಂತೆ.

ಶತ್ರು ಯಾರು ಎಂಬುದು ಮುಖ್ಯ. ಸೈನ್ಯ ಎಂದ ಮೇಲೆ ಶತ್ರು ಬೇಕಲ್ಲ. 1965ರಲ್ಲಿ ಈ ರೆಜಿಮೆಂಟ್ ಗಂಗಾನಗರದ ಗಡಿಯಲ್ಲಿತ್ತು, ಆಗ ಶತ್ರು ಎದುರಿಗೇ ಇದ್ದ. ಶಾಂತಿಕಾಲದಲ್ಲಿ ಅವನು ಕುದುರೆಯ ಹೊಟ್ಟೆಯಲ್ಲಿರುತ್ತಾನೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಅಶ್ವದಳದ ಪ್ರಾಣಿಯ ಕರುಳಿನಲ್ಲೂ ಹಿಮ್ಮೆಟ್ಟುವ ಪದ್ಧತಿಯಿಲ್ಲ. ಹಾಗಾಗಿ ಹೊಟ್ಟೆ ಕಟ್ಟಿತೆಂದರೆ ಅಷ್ಟು ದೊಡ್ಡ ಪ್ರಾಣಿ ಗಂಟೆಗಳಲ್ಲಿ ಸತ್ತುಹೋಗಬಹುದು. ಒಂದು ರಾತ್ರಿ ಸಾಹೇಬರ ಟ್ರೂಪಿನ ಹೆಣ್ಣು ಕುದುರೆಯೊಂದು ದಾಣಿ ಬಿಟ್ಟು, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳತೊಡಗಿತಂತೆ. ಪಶುವೈದ್ಯ ಕ್ಯಾಪ್ಟನ್ ಬಂದು ಸ್ಟೆತಾಸ್ಕೋಪು ಹೊಟ್ಟೆಗೆ ಇಟ್ಟು, ಒಳಗೆ ಸದ್ದೇ ಇಲ್ಲ ಎಂದರು. ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಹೊಯ್ದರು. ಉರುಳಲು ಬಿಡಬೇಡಿ, ನಡೆಸಿ ಎಂದರು. ನಡೆಸಿದರು. ಕಂಬಳಿ ಹೊದಿಸಿಕೊಂಡ ಕುದುರೆ, ಕಂಬಳಿಯಿಲ್ಲದ ಸವಾರರು, ಲಾಯದ ಸುತ್ತ ಸುತ್ತು. ನಿದ್ದೆಗೆಟ್ಟ ಸ್ಕ್ವಾಡ್ರನ್ ಕಮಾಂಡರ್ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಆಯಿತೇ?” ಆಗಿಲ್ಲ ಎಂದು ಸೆಲ್ಯೂಟ್ ಹೊಡೆದು ವರದಿ ಒಪ್ಪಿಸುತ್ತಿದ್ದರು. ಬೆಳಗಿನ ಜಾವ ಕುದುರೆ ನಿಂತಿತು. ಬಾಲ ಎತ್ತಿತು. ಇಡೀ ಟ್ರೂಪು ಉಸಿರು ಹಿಡಿದು ಅದರ ಹಿಂಭಾಗವನ್ನೇ ನೋಡುತ್ತ ನಿಂತಿತು. ಲದ್ದಿ ಬಿತ್ತು. “ಮೈಸೂರ್ ಸಾಬ್, ಹೈಫಾ ಗೆದ್ದಾಗ ಅಷ್ಟು ಗಲಾಟೆ ಆಗಿತ್ತೋ ಇಲ್ಲವೋ ಗೊತ್ತಿಲ್ಲ. ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡೆವು” ಎಂದರು ಸಾಹೇಬರು. ಸ್ಕ್ವಾಡ್ರನ್ ಕಮಾಂಡರ್ ಸ್ವತಃ ಟಾರ್ಚು ಹಾಕಿ ಪರಿಶೀಲಿಸಿ “ಬಹುತ್ ಅಚ್ಛಾ” ಎಂದರಂತೆ. ಇದಕ್ಕೆ ಪದಕ ಇಲ್ಲ ಎಂಬುದು ನನಗೂ ಅನ್ಯಾಯವೆನಿಸಿದೆ.

ಋತುಗಳು ಈ ಹೊಟ್ಟೆಯ ಸುತ್ತಲೇ ತಿರುಗುತ್ತವೆ. ಬೇಸಿಗೆಯಲ್ಲಿ ಜೈಪುರ 45 ಡಿಗ್ರಿ ಮುಟ್ಟುತ್ತದೆ. ಆಗ ಸವಾರಿಯೆಲ್ಲ ಸೂರ್ಯ ಏಳುವ ಮೊದಲು. ಹೊಸದಾಗಿ ಸೇರಿದ ಹುಡುಗರಿಗೆ ಕುದುರೆಯ ಬರಿ ಬೆನ್ನಿಗೆ ನಮ್ದಾ ಎಂಬ ಉಣ್ಣೆಯ ಹಾಸೊಂದನ್ನು ಬಿಗಿದು, ಜೀನಿಲ್ಲದೆ ರಿಕಾಪಿಲ್ಲದೆ ಕೂರಿಸಿ ಕಲಿಸುತ್ತಾರೆ. ಹುಡುಗ ಬೀಳುತ್ತಾನೆ. ಎಲ್ಲರೂ ಓಡಿ ಹೋಗಿ ಕುದುರೆಯನ್ನು ಹಿಡಿಯುತ್ತಾರೆ. ಹುಡುಗ ತಾನೇ ಎದ್ದು ಬರುತ್ತಾನೆ. ಮಳೆಗಾಲದಲ್ಲಿ ನೊಣ, ಒದ್ದೆ ನೆಲ, ಗೊರಸು ಕೊಳೆಯುವುದು. ಮಳೆ ಮುಗಿಯುವ ಹೊತ್ತಿಗೆ ಹೈಫಾ ದಿನ, ಎಂಟು ದಿನಕ್ಕೆ ರೆಜಿಮೆಂಟಿನ ಹುಟ್ಟಿದ ದಿನ, ಹಿಂದೆಯೇ ದಸರೆ. ಸಾಹೇಬರು ಕಾಯಂಖಾನಿ ಮುಸಲ್ಮಾನರು. ರೆಜಿಮೆಂಟಿನಲ್ಲಿ ರಜಪೂತರು, ಮರಾಠರು, ಕಾಯಂಖಾನಿಗಳು ಒಟ್ಟಿಗಿರುತ್ತಾರೆ, ಹಬ್ಬಗಳೂ ಒಟ್ಟಿಗೇ. ಕುದುರೆಯ ಹಣೆಗೆ ತಿಲಕವಿಡುವ ದಿನ ತಮ್ಮ ಕುದುರೆಗೆ ಹೂವಿನ ಹಾರ ಪಕ್ಕದವನ ಕುದುರೆಗಿಂತ ಸಣ್ಣದಾಗದಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ. ನಮ್ಮ ಮೈಸೂರು ಅರಮನೆಯಲ್ಲೂ ಪಟ್ಟದ ಕುದುರೆಗೆ ಪೂಜೆ ಉಂಟೆಂದು ಹೇಳಿದೆ. ಆ ತಿಂಗಳ ಬಾಡಿಗೆಯಲ್ಲೂ ಏನಾದರೂ ಇಳಿದೀತೆಂದು ಕಾದೆ. ಇಳಿಯಲಿಲ್ಲ.

ಚಳಿ ಬಿದ್ದರೆ ಆಟ. ಪೋಲೊದಲ್ಲಿ ಒಂದು ಚಕ್ಕರ್ ಎಂದರೆ ಏಳೂವರೆ ನಿಮಿಷ. ಒಂದು ಚಕ್ಕರ್ ಓಡಿದ ಕುದುರೆ ಮುಂದಿನದಕ್ಕೆ ಓಡುವುದಿಲ್ಲ, ಬೇರೆ ಕುದುರೆ ಬರುತ್ತದೆ. ಆಟಗಾರ ಮಾತ್ರ ಅವನೇ. ಇದೊಂದರಲ್ಲೇ ಯಾರ ಯೋಗಕ್ಷೇಮ ಮುಖ್ಯವೆಂದು ತಿಳಿಯುತ್ತದೆ. ರೇಸ್‌ಕೋರ್ಸುಗಳಲ್ಲಿ ಓಡಿ ಗೆಲ್ಲಲಾರದ ಕುದುರೆಗಳು ಎಷ್ಟೋ ಪೋಲೊ ಮೈದಾನಕ್ಕೆ ಬಂದು ಹೊಸ ಬಾಳು ಶುರುಮಾಡುತ್ತವೆ. ಸಾಹೇಬರು ಕಂಡ ಅಂಥದೊಂದು ಕುಣಿಗಲ್ಲಿನಲ್ಲೇ ಹುಟ್ಟಿದ್ದಂತೆ. ಆ ಊರಿನಿಂದ ಜೈಪುರಕ್ಕೆ ಬಂದ ಇಬ್ಬರಲ್ಲಿ ಅದಕ್ಕೆ ಮಾತ್ರ ಕೂಲರ್ ಹಾಕಿಕೊಟ್ಟಿದ್ದರು. ಟೆಂಟ್ ಪೆಗ್ಗಿಂಗ್ ಎಂಬ ಇನ್ನೊಂದು ಆಟವಿದೆ. ನೆಲಕ್ಕೆ ನೆಟ್ಟ, ಆರು ಸೆಂಟಿಮೀಟರ್ ಅಗಲದ ಗೂಟವನ್ನು ನಾಗಾಲೋಟದಲ್ಲಿ ಬಂದು ಈಟಿಯಿಂದ ಚುಚ್ಚಿ ಕಿತ್ತುಕೊಂಡು ಹೋಗಬೇಕು. ಪುರಾತನ ಕಾಲದಲ್ಲಿ ಶತ್ರುವಿನ ಡೇರೆ ಬೀಳಿಸಲು ಕಲಿತ ವಿದ್ಯೆ ಎನ್ನುತ್ತಾರೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇದೇ ರೆಜಿಮೆಂಟಿನ ರಘುಬೀರ್ ಸಿಂಗ್ ಕುದುರೆ ಸವಾರಿಯಲ್ಲಿ ಚಿನ್ನ ಗೆದ್ದು ಅರ್ಜುನ ಪ್ರಶಸ್ತಿ ಪಡೆದರು. ಸಾಹೇಬರಿಗೆ ಅದು ಅಪಾರ ಹೆಮ್ಮೆ, ಒಂದು ಸಣ್ಣ ತಕರಾರಿನೊಂದಿಗೆ: ಬೇಲಿ ಹಾರಿದವರು ಯಾರು, ಪ್ರಶಸ್ತಿ ಯಾರಿಗೆ?

ನಮ್ಮ ಬ್ಯಾಂಕಿಗೆ ಮಾರ್ಚ್ 31 ಹೇಗೋ ಇವರಿಗೆ ಜನವರಿ 26 ಹಾಗೆ. ವರ್ಷವಿಡೀ ಮಾಡಿದ್ದೆಲ್ಲ ಆ ಒಂದು ದಿನದ ಲೆಕ್ಕಕ್ಕೆ. ಗಣರಾಜ್ಯೋತ್ಸವದ ಪರೇಡಿನಲ್ಲಿ ಸೈನ್ಯದ ಸಾಲಿನ ಮುಂದೆ ಹೋಗುವವರೇ ಇವರು. ಅದಕ್ಕಾಗಿ ಮೊದಲೇ ದೆಹಲಿ ಸೇರಿ, ಎದುರಿನ ಕುದುರೆಯ ಬಾಲ ಕಾಣದಂಥ ಮಂಜಿನಲ್ಲಿ ದಿನವೂ ತಾಲೀಮು. ಕುದುರೆ ಹುಟ್ಟಾ ಪುಕ್ಕಲು ಪ್ರಾಣಿ, ಹಾರುವ ಪ್ಲಾಸ್ಟಿಕ್ ಚೀಲ ಕಂಡರೆ ಬೆದರುತ್ತದೆ. ಅದಕ್ಕೆ ಬ್ಯಾಂಡು, ಚಪ್ಪಾಳೆ, ಧ್ವನಿವರ್ಧಕ, 21 ಕುಶಾಲು ತೋಪು ಎಲ್ಲವನ್ನೂ ಅಭ್ಯಾಸ ಮಾಡಿಸಬೇಕು. ತಾಳ್ಮೆಯಿಂದ ಮಾಡಿಸುತ್ತಾರೆ, ನಮ್ಮ ಮಕ್ಕಳಿಗೆ ಮಗ್ಗಿ ಕಲಿಸಲು ಇದರ ಕಾಲುಭಾಗ ತಾಳ್ಮೆ ಇದ್ದರೂ ಸಾಕಿತ್ತು. ಇಷ್ಟಾಗಿ ರಾಷ್ಟ್ರಪತಿಗಳ ಮುಂದೆ ಅವರು ಕಾಣಿಸುವುದು ಒಂದೆರಡು ನಿಮಿಷ. ಆ ಒಂದೆರಡು ನಿಮಿಷದಲ್ಲಿ ಕುದುರೆ ಲದ್ದಿ ಹಾಕಿದರೆ ಏನು ಗತಿ ಎಂದು ಕೇಳಿದೆ. ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹಿಂದೆ ಬರುವ ಕಾಲ್ದಳದವರು ಬಹಳ ಶಿಸ್ತಿನವರು. ಕೆಳಗೆ ನೋಡುವುದಿಲ್ಲ” ಎಂದರು.

ದೆಹಲಿಯಲ್ಲೇ ಇರುವ ರಾಷ್ಟ್ರಪತಿಗಳ ಅಂಗರಕ್ಷಕ ದಳದ ಬಗ್ಗೆ ಮಾತೆತ್ತಿದರೆ ಅವರ ಮುಖ ಸ್ವಲ್ಪ ಬಿಗಿಯಾಗುತ್ತದೆ. ಅದು 1773ರಲ್ಲಿ ಹುಟ್ಟಿದ್ದು, ಇವರಿಗಿಂತ ಬಹಳ ಹಳೆಯದು. 2022ರ ಪರೇಡ್ ಮುಗಿದ ಮೇಲೆ ಆ ದಳದ ವಿರಾಟ್ ಎಂಬ ಕುದುರೆ ನಿವೃತ್ತವಾದಾಗ ರಾಷ್ಟ್ರಪತಿಗಳೂ ಪ್ರಧಾನಿಗಳೂ ಅದರ ಮೈದಡವಿ ಬೀಳ್ಕೊಟ್ಟರು. ಟಿ.ವಿ.ಯಲ್ಲಿ ನೋಡಿದವರಿಗೆಲ್ಲ ಮನಸ್ಸು ತುಂಬಿ ಬಂತು. “ಒಳ್ಳೆಯ ಕುದುರೆ” ಎಂದು ಸಾಹೇಬರೂ ಒಪ್ಪುತ್ತಾರೆ. “ಪಾಪ, ಬೇರೆ ರೆಜಿಮೆಂಟಿನದು.”

2020ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು, 61ನೇ ಕ್ಯಾವಲ್ರಿಗೆ ಕುದುರೆ ತೆಗೆದು ಟ್ಯಾಂಕ್ ಕೊಡುವ ಆಲೋಚನೆ ನಡೆದಿದೆ ಎಂದು. ಆಗ ನಾನು ಇಲ್ಲಿಗೆ ಬಂದಿರಲಿಲ್ಲ. ಆ ಪತ್ರಿಕೆಯನ್ನು ಸಾಹೇಬರು ಓದಿ ಮಡಿಸಿ, ಇಡೀ ದಿನ ಯಾರೊಡನೆಯೂ ಮಾತಾಡದೆ, ಸಂಜೆ ಆಪಾ ಹತ್ತಿರ ಒಂದೇ ಮಾತು ಕೇಳಿದರಂತೆ: “ಟ್ಯಾಂಕಿಗೆ ರಾತ್ರಿ ಹೊಟ್ಟೆನೋವು ಬರುವುದಿಲ್ಲ. ಹಾಗಾದರೆ ಆ ಹುಡುಗರು ರಾತ್ರಿಯೆಲ್ಲ ಏನು ಮಾಡುತ್ತಾರೆ?” “ನಿದ್ದೆ ಮಾಡುತ್ತಾರೆ” ಎಂದರಂತೆ ಆಪಾ. ಅದು ಅವರ ಮನಸ್ಸಿಗೆ ಬರಲೇ ಇಲ್ಲ. ಆಮೇಲಿನ ಜನವರಿಗಳಲ್ಲೂ ಕುದುರೆಗಳು ರಾಜಪಥದಲ್ಲಿ, ಅದು ಕರ್ತವ್ಯಪಥವಾದ ಮೇಲೆ ಅಲ್ಲೂ, ಎಂದಿನಂತೆ ಮುಂದೆಯೇ ನಡೆದವು.

ಈ ಸಲದ ಪರೇಡನ್ನು ಅವರ ಮನೆಯಲ್ಲೇ ನೋಡಿದೆ. ತುರಾಯಿಯ ಪೇಟಗಳು, ಎತ್ತಿ ಹಿಡಿದ ಈಟಿಗಳು, ಭುಜದ ಮೇಲೆ ಮಿನುಗುವ ಉಕ್ಕಿನ ಬಲೆ; ಟಿ.ವಿ.ಯ ವೀಕ್ಷಕ ವಿವರಣೆಯವರು ಶೌರ್ಯ, ಪರಂಪರೆ ಎಂದು ಹೇಳುತ್ತಲೇ ಇದ್ದರು. ಸಾಹೇಬರು ಕನ್ನಡಕ ಏರಿಸಿ, ಟಿ.ವಿ.ಗೆ ಒಂದು ಗೇಣು ದೂರದಲ್ಲಿ ಕೂತು, ಒಂದು ಮುಖವನ್ನೂ ನೋಡದೆ ಕೆಳಗಡೆ ಕಾಲುಗಳನ್ನೇ ನೋಡುತ್ತಿದ್ದರು. ಕುದುರೆಗಳು ಹೋದವು, ಮುಂದೆ ಟ್ಯಾಂಕ್ ಕಾಣಿಸಿತು. “ಇನ್ನು ಬರೋದೆಲ್ಲ ಬರೀ ಕಬ್ಬಿಣ” ಎಂದು ಎದ್ದು, ರೆಜಿಮೆಂಟಿನಲ್ಲಿರುವ ಅಣ್ಣನ ಮಗನಿಗೆ ಫೋನು ಹಚ್ಚಿದರು. ಅವನು ಆಗ ಕರ್ತವ್ಯಪಥದಲ್ಲಿ ಕುದುರೆಯ ಮೇಲಿದ್ದಾನೆ, ಫೋನು ಎತ್ತುವಂತಿಲ್ಲ ಎಂದು ಆಪಾ ಹೇಳಿದರೂ ಕೇಳಲಿಲ್ಲ. ಕೊನೆಗೆ ಧ್ವನಿ ಸಂದೇಶ ಕಳಿಸಿದರು. ಹೇಗಿದ್ದೀಯ, ಚೆನ್ನಾಗಿ ಕಂಡೆ, ಅಮ್ಮ ವಿಚಾರಿಸಿದಳು, ಅಂಥದ್ದು ಒಂದೂ ಇರಲಿಲ್ಲ.

“ಎರಡನೇ ಸಾಲು, ಎಡಗಡೆ ಕೊನೆಯ ಕುದುರೆ. ಹಿಂದಿನ ಬಲಗಾಲು ಸ್ವಲ್ಪ ಎಳೀತಿದೆ. ಇಳಿದ ಕೂಡಲೇ ಲಾಳ ನೋಡಿಸು. ನೀನು ಆಮೇಲೆ ಊಟ ಮಾಡು.”